ಬೆನ್ನಿಗೆ ಗುಂಡಿಯ ಕೋಟು

ನನ್ನ ಚಿಕ್ಕಪ್ಪ ತಮ್ಮ ಮದುವೆಯ ಕೋಟನ್ನು ಹಿಂದುಮುಂದಾಗಿ ತೊಡುತ್ತಿದ್ದರು, ಮೋಟಾರ್ ಸೈಕಲ್ಲಿನ ಎಂಜಿನ್ ಆಯಿಲ್ ಬದಲಾಯಿಸುವ ದಿನ ಮಾತ್ರ. ಅಂಗಿಗೆ ಎಣ್ಣೆ ಸಿಡಿಯದಿರಲೆಂದು ಕೋಟಿನ ಬೆನ್ನನ್ನು ಎದೆಯ ಮೇಲೆ ತಂದುಕೊಂಡು, ತೋಳು ತೂರಿಸಿ, ಶಾಲೆಗೆ ಹೊರಟ ಮಗುವಿನಂತೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಚಿಕ್ಕಮ್ಮ ಬಂದು ಗುಂಡಿ ಹಾಕುತ್ತಿದ್ದರು.

ಚಿಕ್ಕಪ್ಪ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವರು. ಬೇರೆಯವರು ಬಿಟ್ಟ ಅಕ್ಷರ, ನುಂಗಿದ ಸಾಲು ಹುಡುಕುತ್ತಲೇ ತಲೆ ನರೆಸಿಕೊಂಡವರು. ಗಾಡಿಯ ಬುಡದಲ್ಲೂ ಅದೇ ಶ್ರದ್ಧೆ. ಮೊದಲು ಬೀದಿಯಲ್ಲೊಂದು ಸುತ್ತು ಓಡಿಸಿ ಎಣ್ಣೆ ಬಿಸಿಮಾಡಬೇಕು. ಅಗಲ ಬೋಗುಣಿಯನ್ನು ಎಂಜಿನ್ನಿನ ಕೆಳಗೆ ಸರಿಸಿ ತಳದ ಬೋಲ್ಟು ಬಿಚ್ಚಬೇಕು. ಕಪ್ಪು ಧಾರೆ ನೂಲಾಗಿ, ನೂಲು ಹನಿಯಾಗಿ, ಹನಿಯೂ ನಿಲ್ಲುವವರೆಗೆ ಕುಕ್ಕರಗಾಲಿನಲ್ಲಿ ಕಾಯಬೇಕು. ಹೆಜ್ಜೆಹೆಜ್ಜೆಗೂ ತಮ್ಮನ್ನೇ "ಆಯ್ತಾ?" ಎಂದು ಕೇಳಿಕೊಂಡು, ತಾವೇ "ಆಯ್ತು" ಎನ್ನುತ್ತಿದ್ದರು.

ಕಾಯಿಲೆ ಬಿದ್ದು ಎದ್ದ ಮೇಲೆ ಅವರ ನೆನಪು ಅಲ್ಲಲ್ಲಿ ಜಾರತೊಡಗಿತು. ಗಾಡಿ ಮಾರಿಬಿಡಿ ಎಂದು ಮಗಳು ಹಟ ಹಿಡಿದಳು.

"ಎಣ್ಣೆ ಬದಲಾಯಿಸೋದ್ರಲ್ಲಿ ನಾನು ತಪ್ಪಿದ ದಿನ ನೀನೇ ಮಾರಮ್ಮ, ಉಸಿರೆತ್ತಲ್ಲ" ಎಂದು ಎಲ್ಲರೆದುರು ಮಾತು ಕೊಟ್ಟರು.

ಅದರ ನಂತರದ ಸಲ ನಾನೂ ಅಂಗಳದಲ್ಲಿದ್ದೆ. ಹಳೆಯ ಎಣ್ಣೆ ಬಸಿದರು, ಬೋಲ್ಟು ಬಿಗಿದರು, ನನ್ನ ಹೊಟ್ಟೆ ಬೆಳೆಯುತ್ತಿರುವುದನ್ನು ಹಂಗಿಸಿದರು. ನಗುತ್ತಲೇ "ಆಯ್ತಾ? ಆಯ್ತು" ಎಂದು ಎದ್ದು, ಕೀಲಿ ತಿರುಗಿಸಿ, ಕಿಕ್ಕರಿನ ಮೇಲೆ ಕಾಲಿಟ್ಟರು.

"ಏನ್ರೀ, ಗಾಡಿಗೆ ಇವತ್ತು ಉಪವಾಸಾನಾ?"

ಹೊಸ್ತಿಲಲ್ಲಿ ಚಿಕ್ಕಮ್ಮ ನಿಂತಿದ್ದರು, ಕೈಯಲ್ಲಿ ಹೊಸ ಎಣ್ಣೆಯ ಡಬ್ಬಿ. ಅದರ ಸೀಲನ್ನೇ ಒಡೆದಿರಲಿಲ್ಲ. ಬರಿದಾದ ಎಂಜಿನ್ ಓಡಿದ್ದರೆ ಅಂದೇ ಸುಟ್ಟುಹೋಗುತ್ತಿತ್ತು.

ಚಿಕ್ಕಪ್ಪ ಕಾಲು ಇಳಿಸಿದರು. ಮುಖದ ಬಣ್ಣ ಇಳಿದಿತ್ತು. "ಮಾತು ಕೊಟ್ಟಿದ್ದೆ ಕಣೇ. ಮಗಳಿಗೆ ಹೇಳ್ಬಿಡು."

"ಕರಡಲ್ಲೇ ಸಿಕ್ಕಿದ್ದು ತಪ್ಪಲ್ಲ ಅಂತ ನೀವೇ ತಾನೇ ಅಂತಿದ್ದಿದ್ದು?"

"ಸಿಕ್ಕಿದ್ದು ನಿನಗೆ, ನನಗಲ್ಲ."

"ಮತ್ತೆ ಹಿಂದಿನ ಸೀಟಲ್ಲಿ ಕೂರೋಳು ಯಾರು, ಪಕ್ಕದ್ಮನೆಯವಳಾ?"

ಚಿಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ. ಹೊಸ ಎಣ್ಣೆ ತುಂಬಿದರು. ಎಣ್ಣೆಯ ಮಟ್ಟ ತೋರುವ ಅಳತೆಕಡ್ಡಿಯನ್ನು ಎತ್ತಿ, ಎಂದೂ ಮಾಡದಂತೆ, ಚಿಕ್ಕಮ್ಮನ ಕಣ್ಣೆದುರು ಹಿಡಿದರು. ಕೀಲಿಯನ್ನು ಅವರ ಅಂಗೈಯಲ್ಲಿಟ್ಟು, "ಇನ್ಮೇಲೆ ನೀನು ಹೂಂ ಅನ್ನೋವರ್ಗೂ ಸ್ಟಾರ್ಟ್ ಮಾಡಲ್ಲ" ಎಂದರು. ಸಂಜೆ ಮಗಳಿಗೆ ಫೋನಿನಲ್ಲಿ ಎಲ್ಲವನ್ನೂ ತಾವೇ ಹೇಳಿದರು. ಅವಳು, "ಅಮ್ಮ ನೋಡ್ಕೊಳ್ಳೋದಾದ್ರೆ ಇಟ್ಕೊಳ್ಳಪ್ಪ" ಅಂದಳಂತೆ.

ಎಲ್ಲವನ್ನೂ ತಾವೇ ಮಾಡಬೇಕೆನ್ನುವವರಿಗೆ ಬೇರೆಯವರ ಮೇಲೆ ನಂಬಿಕೆಯಿಲ್ಲವೆಂದೇ ನಾನು ಬಹುಕಾಲ ತಿಳಿದಿದ್ದೆ. ಆದರೆ ಅಂಥವರಲ್ಲಿ ಹಲವರಿಗೆ ಇರುವುದು ಸಂಕೋಚ, ತಮ್ಮ ಭಾರವನ್ನು ಪ್ರೀತಿಸುವವರ ಹೆಗಲಿಗೆ ದಾಟಿಸುವ ಸಂಕೋಚ. ಅದನ್ನು ಕಳೆದುಕೊಳ್ಳಲು ಪಾಪ, ಅವರಿಗೆ ಒಂದು ಆಯುಷ್ಯವೇ ಬೇಕಾಗುತ್ತದೆ.