ಚಿಲ್ಲರೆ ಅಕ್ಕನ ಹೊಸ ರೂಪ

ಆಸ್ಪತ್ರೆಯ ಮುಂದಿನಿಂದ ಹೊರಟು, ಮಾರುಕಟ್ಟೆ ಸುತ್ತಿ, ರೈಲು ನಿಲ್ದಾಣ ಮುಟ್ಟುವ ಬಸ್ಸಿಗೆ ಅವಳು ಕಂಡಕ್ಟರ್. "ಚಿಲ್ಲರೆ ಕೊಡಿ, ಚಿಲ್ಲರೆ ಇಲ್ದೆ ಹತ್ಬೇಡಿ" ಎಂದು ದಿನವಿಡೀ ಕೂಗಿ ಕೂಗಿ ಅವಳ ಗಂಟಲು ಕಂಚಿನಂತಾಗಿತ್ತು, ಹೆಸರು ಚಿಲ್ಲರೆ ಅಕ್ಕ ಎಂದಾಗಿತ್ತು. ಆ ಹೆಸರಿನಲ್ಲಿ ಅವಮಾನವೇನೂ ಇರಲಿಲ್ಲ. ಚಿಲ್ಲರೆ ಬುದ್ಧಿ ತೋರಿಸಿದವರನ್ನು ಅವಳು ಹೇಗೆ ಕೆಳಗಿಳಿಸುತ್ತಾಳೆಂಬುದು ಆ ದಾರಿಯವರಿಗೆಲ್ಲ ಗೊತ್ತಿತ್ತು.

ಮನೆಯಲ್ಲಿ ಬೇಕರಿಯ ಒಲೆ ನೋಡಿಕೊಳ್ಳುವ ಗಂಡ, ಅತ್ತೆ ಮತ್ತು ಕಾಲೇಜಿಗೆ ಹೋಗುವ ನಾದಿನಿ. ನಾದಿನಿ 'ಹೊಳಪು' ಎಂಬ ಮಹಿಳೆಯರ ಮಾಸಪತ್ರಿಕೆಯ ಪರಮಭಕ್ತೆ. ಊಟದ ಹೊತ್ತಿಗೆ ಅದನ್ನು ಗಟ್ಟಿಯಾಗಿ ಓದದಿದ್ದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

"ಅತ್ತಿಗೆ, ಕೇಳು. 'ಮುಂಜಾನೆ ಐದಕ್ಕೆ ಏಳಿ. ಕಿಟಕಿ ತೆರೆದು, ಮೊದಲ ಬೆಳಕಿಗೆ ಮುಖವೊಡ್ಡಿ, ಅರ್ಧ ಗಂಟೆ ಮೌನವಾಗಿ ಕುಳಿತುಕೊಳ್ಳಿ.'"

"ಐದಕ್ಕೆ ನಾನು ಡಿಪೋದಲ್ಲಿ ಬಸ್ಸಿನ ಕಿಟಕಿ ತೆಗೀತಿರ್ತೀನಿ. ಅದು ಲೆಕ್ಕಕ್ಕೆ ಬರುತ್ತಾ?"

"ಸುಮ್ನೆ ಕೂತಿರ್ಬೇಕು ಅತ್ತಿಗೆ."

"ನಾನು ಸುಮ್ನೆ ಕೂತ್ರೆ ನಿದ್ದೆ ಬರುತ್ತೆ ಕಣೆ."

ಅತ್ತೆ ತಟ್ಟೆಯಿಂದ ತಲೆಯೆತ್ತದೆ ಹೇಳಿದರು: "ಸುಮ್ನೆ ಕೂತ್ಕೊಳ್ಳೋದನ್ನ ಪುಸ್ತಕ ಓದಿ ಕಲೀಬೇಕಾ? ನಿಮ್ಮಪ್ಪ ಮೂವತ್ತು ವರ್ಷ ಕೂತಿದ್ರು. ಒಬ್ರೂ ಬಂದು ಅವರ ಫೋಟೋ ತೆಗೀಲಿಲ್ಲ."

ಇದೇ ನಾದಿನಿ ಒಂದು ದಿನ ಮನೆಯವರಿಗೆ ತಿಳಿಯದಂತೆ ಒಂದು ಕೆಲಸ ಮಾಡಿದಳು. 'ಸಾಮಾನ್ಯ ಮಹಿಳೆಗೆ ಹೊಸ ರೂಪ' ಎಂಬ ಸ್ಪರ್ಧೆಗೆ ಅತ್ತಿಗೆಯ ಫೋಟೋ ಕಳಿಸಿದಳು. ಕೆಲಸ ಮುಗಿಸಿ ಬಂದು ಬಾಗಿಲಲ್ಲೇ ಕುಳಿತು, ಬೂಟು ಬಿಚ್ಚುತ್ತ, ಆಕಳಿಸುತ್ತಿದ್ದಾಗ ತೆಗೆದ ಚಿತ್ರ. ತಲೆ ಥೇಟ್ ಕಾಗೆಗೂಡು. ಪತ್ರಿಕೆಯವರಿಗೆ ಇಂಥ ಸಾಮಾನ್ಯ ಮಹಿಳೆ ಇನ್ನೆಲ್ಲಿ ಸಿಗಬೇಕು? ಕೂಡಲೇ ಫೋನು ಬಂತು.

"ನನ್ನ ಮಾನ ಹರಾಜು ಹಾಕ್ಬಿಟ್ಟಿಯಲ್ಲೇ!" ಎಂದು ಚಿಲ್ಲರೆ ಅಕ್ಕ ಕೂಗಾಡಿದಳು. ಆದರೆ ಆ ರಾತ್ರಿ ಪಾತ್ರೆ ತೊಳೆಯುವಾಗ ಸ್ಟೀಲಿನ ಬೋಗುಣಿಯಲ್ಲಿ ತನ್ನ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡಳು. ಒಲ್ಲೆ ಒಲ್ಲೆ ಅನ್ನುತ್ತಲೇ ಬೆಳಗಿನ ಪಾಳಿಯನ್ನು ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡಳು.

ಪತ್ರಿಕೆಯ ಸ್ಟುಡಿಯೋಗೆ ಹೊರಡುವ ದಿನ ತಲೆಗೆ ಸ್ನಾನ ಮಾಡಿ, ಪೆಟ್ಟಿಗೆಯಲ್ಲಿದ್ದ ಹಸಿರು ಉಡುಪನ್ನು ಇಸ್ತ್ರಿ ಮಾಡಿ ತೊಟ್ಟಳು. ನಾದಿನಿ ಅವಳ ಹುಬ್ಬು ತಿದ್ದಿದಳು. ಗಂಡ ಬೇಕರಿಯಿಂದ ಆಗಷ್ಟೇ ಬಂದವನು, ಕೈಗೆ ಅಂಟಿದ್ದ ಹಿಟ್ಟನ್ನು ತೊಳೆಯುವುದನ್ನೂ ಮರೆತು ನಿಂತ. "ಇಷ್ಟು ಚೆನ್ನಾಗಿ ಹೋದ್ರೆ ಅವರು ಮಾಡೋದೇನು ಉಳಿಯುತ್ತೆ?" ಎಂದ.

ಅವನ ಮಾತೇ ನಿಜವಾಯಿತು. ಸ್ಟುಡಿಯೋದಲ್ಲಿ ಮೇಕಪ್ ಮಾಡುವಾಕೆ ಅವಳನ್ನು ಕಂಡು ಸಪ್ಪಗಾದಳು.

"ಅಯ್ಯೋ, ಹೀಗೆ ತಯಾರಾಗಿ ಬಂದ್ಬಿಟ್ರೆ ಹೇಗಮ್ಮ? 'ಮೊದಲು' ಅನ್ನೋ ಫೋಟೋ ಮೊದಲಿನ ಹಾಗೇ ಇರ್ಬೇಕಲ್ವಾ?"

ಹಾಗಾಗಿ ಮೊದಲು ಅವಳನ್ನು ಕೆಡಿಸುವ ಕೆಲಸ ನಡೆಯಿತು. ಬಾಚಿದ ತಲೆಯನ್ನು ಉಲ್ಟಾ ಬಾಚಿದರು. ಮುಖದ ಪೌಡರು ಒರೆಸಿದರು. ಹಸಿರು ಉಡುಪು ಬಿಚ್ಚಿಸಿ, ನೆಲ ಒರೆಸುತ್ತಿದ್ದವಳ ಮಾಸಲು ಅಂಗಿಯನ್ನು ಕಡ ತಂದು ತೊಡಿಸಿದರು. ಆ ಹೆಂಗಸು ಅಲ್ಲೇ ಟವೆಲ್ಲು ಸುತ್ತಿಕೊಂಡು ನಿಂತು, "ಈ ಅಂಗಿ ನಾನು ಮೊನ್ನೆಯಷ್ಟೇ ಕೊಂಡದ್ದು" ಎಂದು ಗೊಣಗಿದಳು.

"ನಗಬೇಡಿ. ಏನಾದ್ರೂ ದುಃಖದ ವಿಷಯ ನೆನೆಸ್ಕೊಳ್ಳಿ" ಎಂದ ಫೋಟೋಗ್ರಾಫರ್.

ಅವಳು ಎಷ್ಟು ಹುಡುಕಿದರೂ ದುಃಖ ಸಿಗಲಿಲ್ಲ. ಟವೆಲ್ಲಿನವಳನ್ನು ನೋಡಿದರೆ ನಗು ಉಕ್ಕುತ್ತಿತ್ತು. ಕೊನೆಗೆ, ತುಂಬಿದ ಬಸ್ಸು ಸೇತುವೆಯ ಮೇಲೆ ಕೆಟ್ಟು ನಿಂತು, ಜನರೆಲ್ಲ ಅವಳನ್ನೇ ಬೈದ ದಿನ ನೆನಪಾಯಿತು. ಮುಖ ಜೋತುಬಿತ್ತು. "ಸೂಪರ್!" ಎಂದ ಫೋಟೋಗ್ರಾಫರ್.

ಆಮೇಲೆ ಶುರುವಾಯಿತು ಹೊಸ ರೂಪ. ಗೋಡೆಗೆ ಗಾರೆ ಹಚ್ಚುವಂತೆ ಒಂದರ ಮೇಲೊಂದು ಪದರ. ಕಣ್ಣಿಗೆ ಅಂಟಿಸಿದ ರೆಪ್ಪೆಗಳು ಎಷ್ಟು ಭಾರವೆಂದರೆ ಅವಳಿಗೆ ತೂಕಡಿಕೆ ಬಂತು. ತೊಡಿಸಿದ್ದು ನೇರಳೆ ಗೌನು, ದೊಡ್ಡ ಅಂಗಡಿಯೊಂದರಿಂದ ಫೋಟೋಗೆಂದೇ ಎರವಲು ತಂದದ್ದು. ಅಳತೆ ಅವಳದ್ದಲ್ಲ, ಇಬ್ಬರು ಹಿಡಿಸುವಷ್ಟು ಅಗಲ. ಬೆನ್ನ ಹಿಂದೆ ಬಟ್ಟೆಯನ್ನು ಎಳೆದೆಳೆದು ಕ್ಲಿಪ್ಪು ಹಾಕಿದರು. ಮುಂದಿನಿಂದ ಮಹಾರಾಣಿ, ಹಿಂದಿನಿಂದ ಬಟ್ಟೆ ಒಣಹಾಕುವ ಹಗ್ಗ.

ಅವಳು ಕನ್ನಡಿಯಲ್ಲಿ ನೋಡಿಕೊಂಡಳು. ಕನ್ನಡಿಯೊಳಗಿನ ಹೆಂಗಸು ಚೆಂದವಾಗಿದ್ದಳು. ಅದರಲ್ಲಿ ಸಂಶಯವಿರಲಿಲ್ಲ. ಮಾತಾಡಿಸಿದರೆ ಉತ್ತರ ಕೊಡುತ್ತಾಳೋ ಇಲ್ಲವೋ ಎಂಬಂತಿದ್ದಳು, ಅಷ್ಟೇ.

ನಡುವೆ ದೀಪವೊಂದು ಕೆಟ್ಟು ಕೆಲಸ ನಿಧಾನವಾಯಿತು. ಫೋಟೋ ಮುಗಿಯುವ ಹೊತ್ತಿಗೆ ಅವಳ ಪಾಳಿಯ ಹೊತ್ತು ಕುತ್ತಿಗೆಗೆ ಬಂದಿತ್ತು. "ನನ್ನ ಚೀಲ ಎಲ್ಲಿ?" ಎಂದು ಹುಡುಕಿದರೆ ಚೀಲವಿಲ್ಲ. ಜೊತೆಗೆ ಬಂದಿದ್ದ ನಾದಿನಿ ಕಾಲೇಜಿಗೆ ತಡವಾಯಿತೆಂದು ಓಡುವಾಗ ತನ್ನ ಚೀಲದ ಜೊತೆ ಅತ್ತಿಗೆಯ ಚೀಲವನ್ನೂ ಹೆಗಲಿಗೇರಿಸಿಕೊಂಡು ಹೋಗಿದ್ದಳು. ಸಮವಸ್ತ್ರವೂ ಅದರಲ್ಲೇ, ಮಡಚಿಟ್ಟ ಹಸಿರು ಉಡುಪೂ ಅದರಲ್ಲೇ. ನೆಲ ಒರೆಸುವವಳು ತನ್ನ ಅಂಗಿ ತೊಟ್ಟುಕೊಂಡು ಆಗಲೇ ಮನೆಗೆ ಹೋಗಿಯಾಗಿತ್ತು.

"ಬಸ್ ನನಗೋಸ್ಕರ ಕಾಯುತ್ತಾ?" ಎಂದವಳೇ ಚಿಲ್ಲರೆ ಅಕ್ಕ ಗೌನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದು ಓಡಿದಳು. ಹಿಂದೆಯೇ ಪತ್ರಿಕೆಯ ವರದಿಗಾರ್ತಿ, ಗಾಳಿಗೆ ಹಾರಿಹೋಗುವಷ್ಟು ತೆಳ್ಳಗಿನ ಹುಡುಗಿ, ಓಡಿಬಂದಳು.

"ಅಕ್ಕಾ, ಗೌನು! ಗೌನು ಅಂಗಡಿಗೆ ವಾಪಸ್ ಕೊಡ್ಬೇಕು! ಏನಾದ್ರೂ ಆದ್ರೆ ನನ್ನ ಕೆಲಸ ಹೋಗುತ್ತೆ!"

"ಈಗ ಬಿಚ್ಚಿ ಕೊಟ್ರೆ ನನ್ನ ಕೆಲಸ ಹೋಗುತ್ತೆ! ಬೇಕಿದ್ರೆ ಜೊತೆಗೆ ಬಾ!"

ಆಸ್ಪತ್ರೆಯ ಮುಂದೆ ಬಸ್ಸು ನಿಂತಿತ್ತು. ಬೆಳಗಿನ ಪಾಳಿಯ ಕಂಡಕ್ಟರ್ ಟಿಕೆಟ್ ಚೀಲ ಹಿಡಿದು ದಾರಿ ಕಾಯುತ್ತಿದ್ದ. ಅವಳು ಕೈ ಚಾಚಿದರೆ, "ಒಳಗೆ ಕೂತ್ಕೊಳ್ಳಿ ಮೇಡಂ, ಟಿಕೆಟ್ ಆಮೇಲೆ ಕೊಡ್ತಾರೆ" ಎಂದ. ಅವಳು ಡ್ರೈವರನ ಕಡೆ ತಿರುಗಿದಳು. ವಯಸ್ಸಾದ ಮನುಷ್ಯ, ಅವಳು ಅವನನ್ನು ಮಾವ ಎಂದೇ ಕರೆಯುತ್ತಿದ್ದಳು.

"ನಮ್ಮ ಕಂಡಕ್ಟ್ರು ಇನ್ನೂ ಬಂದಿಲ್ಲಮ್ಮ. ಯಾವತ್ತೂ ತಡ ಮಾಡೋಳಲ್ಲ, ಏನಾಯ್ತೋ ಏನೋ" ಎಂದ ಅವನು, ಬಹಳ ಮರ್ಯಾದೆಯಿಂದ.

ಚಿಲ್ಲರೆ ಅಕ್ಕ ಉಸಿರು ಎಳೆದುಕೊಂಡಳು. "ಮಾವಾ! ಗಾಡಿ ತೆಗೀತೀಯೋ, ಇಲ್ಲ ನಾನೇ ತಳ್ಳಲೋ?"

ಡ್ರೈವರನ ಕೈ ತಾನಾಗಿ ಕೀಲಿ ತಿರುಗಿಸಿತು, ಇಂಜಿನ್ ಗುಡುಗಿತು. ಕಿವಿ ಗುರುತು ಹಿಡಿದಿತ್ತು, ಕಣ್ಣು ಮಾತ್ರ ಒಪ್ಪಿರಲಿಲ್ಲ. ಅವನು ಕನ್ನಡಿಯಲ್ಲಿ ಅವಳನ್ನು ನೋಡಿದ, ತಿರುಗಿ ನೋಡಿದ, ಮತ್ತೆ ಕನ್ನಡಿಯಲ್ಲಿ ನೋಡಿದ. "ಏನಮ್ಮಾ ಇದು, ಯಾರು ಹೀಗೆ ಮಾಡಿದ್ರು ನಿನಗೆ?" ಎಂದ, ಅಪಘಾತವಾದವರನ್ನು ಕೇಳುವ ದನಿಯಲ್ಲಿ. ಬೆಳಗಿನ ಕಂಡಕ್ಟರ್ ಟಿಕೆಟ್ ಚೀಲವನ್ನು ಅವಳ ಕೈಗಿಟ್ಟು ಇಳಿದ.

ಒಳಗೆ ಇನ್ನೊಂದು ಪೇಚು. ಯಾರೂ ಅವಳ ಕೈಗೆ ದುಡ್ಡು ಕೊಡಲೊಲ್ಲರು. "ಕಂಡಕ್ಟರ್ ಬರ್ಲಿ" ಅನ್ನುತ್ತಾರೆ. ಅಜ್ಜಿಯೊಬ್ಬಳು ಎದ್ದು ಸೀಟು ಬಿಟ್ಟುಕೊಟ್ಟಳು. ತರಕಾರಿ ಮಾರುವವಳು ಗೌನಿಗೆ ಮಣ್ಣಾದೀತೆಂದು ಬುಟ್ಟಿಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ದಿನಾ ಹಿಂದಿನ ಬಾಗಿಲಿನಿಂದ ಹತ್ತಿ ಟಿಕೆಟ್ ಇಲ್ಲದೆ ಇಳಿಯುವ ಭೂಪನೊಬ್ಬ, ಇವಳು ಮೇಲಧಿಕಾರಿಯೇ ಇರಬೇಕೆಂದು ಹೆದರಿ, ತಾನಾಗಿ ಬಂದು ನೋಟು ಚಾಚಿದ.

"ಚಿಲ್ಲರೆ ಇಲ್ವಾ?" ಎಂದಳು ಅವಳು.

ಬಸ್ಸಿನಲ್ಲಿದ್ದವರೆಲ್ಲ ಒಟ್ಟಿಗೆ ತಲೆಯೆತ್ತಿದರು. ಆಮೇಲೆ ಎದ್ದ ನಗೆಗೆ ಕಿಟಕಿಯ ಗಾಜು ಅದುರಿತು. "ಅಯ್ಯೋ, ನಮ್ಮ ಚಿಲ್ಲರೆ ಅಕ್ಕ!"

ಮಾರುಕಟ್ಟೆಯಲ್ಲಿ ಜನ ನುಗ್ಗಿದರು. ಅವಳು ಸಾಲಿನ ನಡುವೆ ನುಸುಳುತ್ತಿದ್ದಂತೆ ಬೆನ್ನಿನ ಕ್ಲಿಪ್ಪುಗಳು ಟಪ್, ಟಪ್ ಎಂದು ಒಂದೊಂದಾಗಿ ಹಾರತೊಡಗಿದವು. ಒಂದು ಹೋಗಿ ನಿದ್ದೆ ಮಾಡುತ್ತಿದ್ದವರೊಬ್ಬರ ಕಿವಿಗೆ ಬಡಿಯಿತು. ವರದಿಗಾರ್ತಿ ಬೇರೆ ದಾರಿ ಕಾಣದೆ ಗೌನಿನ ಹಿಂಭಾಗವನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಅವಳ ಹಿಂದೆಯೇ ನಡೆದಳು. ಅಕ್ಕ ಮುಂದೆ ಹೋದರೆ ಮುಂದೆ, ಹಿಂದೆ ಬಂದರೆ ಹಿಂದೆ. "ಬಾಲ ಚೆನ್ನಾಗಿದೆ ಅಕ್ಕಾ" ಎಂದು ಯಾರೋ ಕೂಗಿದರು.

ಕೊನೆಗೆ ತರಕಾರಿಯವಳೇ ಮೂಟೆ ಕಟ್ಟುವ ಸೆಣಬಿನ ಹುರಿ ತೆಗೆದು, ಗೌನನ್ನು ಮುದುರಿ, ಸೊಂಟಕ್ಕೆ ಬಿಗಿದು ಗಂಟು ಹಾಕಿದಳು. "ಇನ್ನು ಇದು ಬಿಚ್ಚಿದ್ರೆ ನನ್ನ ಹೆಸರು ಬದಲಾಯಿಸಿ" ಎಂದಳು.

ಬಿಡುಗಡೆಯಾದ ವರದಿಗಾರ್ತಿ ಸೀಟಿಗೆ ಕುಸಿದಳು. ಜನ ಇಳಿದು ಸ್ವಲ್ಪ ಉಸಿರಾಡಲು ಜಾಗವಾದಾಗ ಚಿಲ್ಲರೆ ಅಕ್ಕ ಪಕ್ಕದಲ್ಲಿ ಕುಳಿತು ಕೇಳಿದಳು: "ನೀನು ಅದರಲ್ಲಿ ಏನು ಬರೀತೀಯಮ್ಮ?"

"ನೆಮ್ಮದಿಯಾಗಿ ಎಂಟು ಗಂಟೆ ನಿದ್ದೆ ಮಾಡೋದು ಹೇಗೆ ಅಂತ ಬರೀತೀನಿ. ಪತ್ರಿಕೆ ಹೊರಬರೋ ವಾರ ನಾನು ಮಲಗೋದೇ ಇಲ್ಲ."

"ಮತ್ತೆ 'ಮನೆ ಅಂದವಾಗಿ ಇಡಿ' ಅಂತ ಬರೆಯೋರು?"

"ಅವರು ಹಾಸ್ಟೆಲಲ್ಲಿದಾರೆ."

"'ಅತ್ತೆಯ ಮನಸ್ಸು ಗೆಲ್ಲುವ ಕಲೆ'?"

ಹುಡುಗಿ ಆಚೀಚೆ ನೋಡಿ ದನಿ ತಗ್ಗಿಸಿದಳು. "ಅದನ್ನ ಬರೆಯೋದು ಒಬ್ರು ಗಂಡಸು ಅಕ್ಕ. ಮದುವೆನೂ ಆಗಿಲ್ಲ."

ಚಿಲ್ಲರೆ ಅಕ್ಕ ನಕ್ಕ ನಗೆಗೆ ಒಂದು ಕಣ್ಣಿನ ರೆಪ್ಪೆ ಕಳಚಿ ಟಿಕೆಟ್ ಚೀಲದೊಳಗೆ ಬಿತ್ತು. ಸರಿಯಾಗಿ ಅದೇ ಹೊತ್ತಿಗೆ ತಪಾಸಣೆಯ ಅಧಿಕಾರಿ ಬಸ್ಸು ಹತ್ತಿದ. "ಕಂಡಕ್ಟರ್ ಎಲ್ಲಿ?" ಎಂದ. ಒಂದೇ ರೆಪ್ಪೆಯ, ಸೆಣಬಿನ ಪಟ್ಟಿಯ ನೇರಳೆ ಮಹಾರಾಣಿ ಎದ್ದು ನಿಂತಳು. ಅಧಿಕಾರಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ವರದಿ ಬರೆದುಕೊಂಡು ಇಳಿದುಹೋದ.

ಪಾಳಿ ಮುಗಿದ ಮೇಲೆ ಹುಡುಗಿ ಗೌನಿಗಾಗಿ ಮನೆಯವರೆಗೂ ಬಂದಳು. ಬಾಗಿಲು ತೆಗೆದ ಅತ್ತೆ, "ಯಾರು ಬೇಕಾಗಿತ್ತಮ್ಮ?" ಎಂದು ಸೊಸೆಯನ್ನೇ ಕೇಳಿದರು. ದನಿ ಕೇಳಿ ಗೊತ್ತಾದಾಗ, "ಒಳಗೆ ಬಾ, ನಲ್ಲಿ ನಿಲ್ಲೋದ್ರೊಳಗೆ ಮುಖ ತೊಳ್ಕೊ" ಎಂದರು. ಗಂಡ ಮಾತ್ರ ಕಿವಿಯ ತುದಿ ಕೆಂಪಾಗಿಸಿಕೊಂಡು, "ಇನ್ನೊಂದು ಗಳಿಗೆ ಇರ್ಲಿ ಬಿಡಮ್ಮ" ಎಂದ. ಅವಳು ಊಟ ಮುಗಿಯುವವರೆಗೂ ಮುಖ ತೊಳೆಯಲಿಲ್ಲ. ಹುಡುಗಿ ಗೌನನ್ನು ಮಡಚುತ್ತ ಮಡಚುತ್ತ ಅತ್ತೆಯ ಮಂಚದ ಮೇಲೆ ಒರಗಿದವಳು ಬೆಳಗಿನವರೆಗೂ ಏಳಲಿಲ್ಲ. ಗೌನಿಗೆ ಅಂಟಿದ್ದ ಸೆಣಬಿನ ನಾರನ್ನು ಅತ್ತೆ ಒಂದೊಂದಾಗಿ ಬಿಡಿಸಿ ಇಟ್ಟಿದ್ದರು. ಅಂಗಡಿಯವರಿಗೆ ಏನೂ ತಿಳಿಯಲಿಲ್ಲ.

'ಹೊಳಪು' ಬಂತು. 'ಆಮೇಲೆ' ಚಿತ್ರ ಒಂದಿಡೀ ಪುಟ. ಕೆಳಗೆ: 'ಮುಂಜಾನೆಯ ಅರ್ಧ ಗಂಟೆಯ ಮೌನವೇ ಇವರ ಸೌಂದರ್ಯದ ಗುಟ್ಟು.' ವರದಿಗಾರ್ತಿ ಫೋನು ಮಾಡಿ, ತಾನು ಬರೆದದ್ದು ಪೂರಾ ಬಸ್ಸಿನ ಕತೆ, ಸಂಪಾದಕರು ಹೊಡೆದುಹಾಕಿ ಇದನ್ನು ಸೇರಿಸಿದರು ಎಂದು ಅಳುದನಿಯಲ್ಲಿ ಹೇಳಿದಳು. "ಹೋಗ್ಲಿ ಬಿಡು, ಊಟಕ್ಕೆ ಬಾ" ಎಂದಳು ಚಿಲ್ಲರೆ ಅಕ್ಕ. ಅತ್ತೆ ಕತ್ತರಿ ತಂದು 'ಮೊದಲು' ಚಿತ್ರವನ್ನಷ್ಟೇ ಕತ್ತರಿಸಿಕೊಂಡರು. "ಇದು ನಮ್ಮವಳು. ಆ ಇನ್ನೊಬ್ಬಳು ಯಾರ ಮನೆಯವಳೋ" ಎಂದರು.

ಎರಡು ವಾರ ಕಳೆದ ಮೇಲೆ ಡಿಪೋ ಮ್ಯಾನೇಜರ್ ಕರೆಸಿದರು. ಮೇಜಿನ ಮೇಲೆ ತಪಾಸಣೆಯ ವರದಿ.

"ಸಮವಸ್ತ್ರ ಇಲ್ದೆ ಡ್ಯೂಟಿ ಮಾಡಿದ್ದೀರಿ. ಏನು ಹೇಳ್ತೀರಿ?"

"ನಾನು ಬರದೇ ಇದ್ದಿದ್ರೆ ಬಸ್ ನಿಲ್ತಿತ್ತು ಸಾರ್. ಗೌನಲ್ಲಿ ಬಂದೆ, ಬಸ್ ಹೋಯ್ತು. ಯಾವುದು ತಪ್ಪೋ ಅದನ್ನ ಬರ್ಕೊಳ್ಳಿ."

ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದರು. ಆಗಲೇ ಅವರ ಹೆಂಡತಿ, ಗಂಡ ಮನೆಯಲ್ಲಿ ಮರೆತಿದ್ದ ಕನ್ನಡಕ ಹಿಡಿದು ಒಳಬಂದರು. ಚಿಲ್ಲರೆ ಅಕ್ಕನನ್ನು ನೋಡಿ ಬಾಗಿಲಲ್ಲೇ ನಿಂತರು.

"ನೀವು 'ಹೊಳಪು' ಪತ್ರಿಕೆಯ 'ಮೊದಲು' ಫೋಟೋದವರಲ್ವಾ? ಅರ್ಧ ಗಂಟೆ ಮೌನದವರು?"

"ಎಲ್ಲಿಯ ಮೌನ ಅಮ್ಮ! ನಾನು ಬಾಯಿ ಮುಚ್ಚಿದ್ರೆ ಜನ ಟಿಕೆಟ್ಟೇ ತಗೊಳ್ಳಲ್ಲ."

"ಹಾಗಾದ್ರೆ ಸುಳ್ಳಾ?" ಎಂದು ಆಕೆ ಕುರ್ಚಿಯಲ್ಲಿ ಕುಳಿತೇಬಿಟ್ಟರು. "ನಾನು ಒಂದು ವಾರ ಕೂತೆ ಕಣ್ರೀ! ಮೊದಲ ದಿನ ಹಾಲು ಉಕ್ಕಿತು. ಆಮೇಲೆ ಮಕ್ಕಳು ಸ್ಕೂಲಿಗೆ ತಡ. ಇವರು ನೋಡಿ ನೋಡಿ, ನನಗೆ ಏನೋ ಆಗಿದೆ ಅಂತ ಡಾಕ್ಟರ ಹತ್ರ ಕರ್ಕೊಂಡು ಹೋದ್ರು!"

"ಲೇ, ಆಫೀಸಲ್ಲಿ ಇದೆಲ್ಲ..." ಎಂದರು ಮ್ಯಾನೇಜರ್.

"ನೀವು ಸುಮ್ನಿರಿ. ಪಾಪ, ಇವರೇನು ಮಾಡಿದಾರೆ ಅಂತ ನಿಲ್ಲಿಸ್ಕೊಂಡಿದ್ದೀರಿ?"

ಮ್ಯಾನೇಜರ್ ಕನ್ನಡಕ ಹಾಕಿಕೊಂಡು ವರದಿಯನ್ನು ಮತ್ತೊಮ್ಮೆ ಓದಿದರು. ಹೆಂಡತಿಯ ಮುಖ ನೋಡಿ, 'ಎಚ್ಚರಿಕೆ ನೀಡಲಾಗಿದೆ' ಎಂದು ಬರೆದು ಕಡತಕ್ಕೆ ಸೇರಿಸಿದರು.

ಇಬ್ಬರು ಹೆಂಗಸರೂ ಜೊತೆಯಲ್ಲೇ ಹೊರಬಂದರು. ಮ್ಯಾನೇಜರ್ ಹೆಂಡತಿಗೆ ಮಾರುಕಟ್ಟೆಗೆ ಹೋಗಬೇಕಿತ್ತು. ಬಸ್ಸು ಹತ್ತಿ ಎಷ್ಟೋ ವರ್ಷವಾಯಿತು ಎನ್ನುತ್ತ ಚಿಲ್ಲರೆ ಅಕ್ಕನ ಬಸ್ಸನ್ನೇ ಹತ್ತಿದರು. ಸೀಟು ಖಾಲಿಯಿರಲಿಲ್ಲ. ಮೇಲಿನ ಕಂಬಿ ಹಿಡಿದು ನಿಂತು, ತಿರುವಿನಲ್ಲಿ ಬಸ್ಸು ವಾಲಿದಾಗ ಪಕ್ಕದವರ ಮೇಲೆ ಬಿದ್ದು ನಕ್ಕರು. ತರಕಾರಿಯವಳು ಸಂತೆಯ ದರ ಹೇಳಿದಳು; ಆಕೆ ತಮ್ಮ ಗಂಡನ ಗೊರಕೆಯನ್ನು ಅನುಕರಿಸಿ ತೋರಿಸಿದರು. ಡಿಪೋದ ಕೆಲಸಗಾರರಿಬ್ಬರು ಅದನ್ನು ಕೇಳಿಸಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿ ಕೆಮ್ಮಿದರು.

"ಮಾರ್ಕೆಟ್, ಮಾರ್ಕೆಟ್! ಇಳೀರಮ್ಮ, ನಿಮ್ಮ ಸ್ಟಾಪು" ಎಂದಳು ಚಿಲ್ಲರೆ ಅಕ್ಕ.

ಆಕೆ ಕಿಟಕಿಯಿಂದ ಹೊರಗೆ ನೋಡಿದರು. ಹೊರಗೆ ಬಿಸಿಲಿತ್ತು, ಗಲಾಟೆಯಿತ್ತು. ಒಳಗೆ ಈಗಷ್ಟೇ ಒಂದು ಸೀಟು ಖಾಲಿಯಾಗಿತ್ತು, ಅದೂ ಕಿಟಕಿಯ ಪಕ್ಕದ್ದು. ಅದರಲ್ಲಿ ಜರುಗಿ ಕುಳಿತು, ಪರ್ಸು ತೆರೆದರು.

"ರೈಲ್ವೆ ಸ್ಟೇಷನ್‌ವರೆಗೂ ಒಂದು ಟಿಕೆಟ್ ಕೊಡಿ. ನಮ್ಮ ಯಜಮಾನ್ರಿಗೆ ಮಾತ್ರ ಹೇಳ್ಬೇಡಿ."