ಶಾಲೆಯ ಹಿತ್ತಲಿನ ಬೀಗ

ಮಗಳಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಮೊದಲ ಸಲ ಬಿಸಿಲಿಗೆ ಎಂದುಕೊಂಡರು, ಆಮೇಲೆ ಹೊರಗಿನದ್ದೇನೋ ತಿಂದಿರಬೇಕು ಎಂದುಕೊಂಡರು. ಮತ್ತೆ ಬಂದಾಗ, ಹೊಟ್ಟೆಯ ಕೆಳಗೆ ಕೈ ಒತ್ತಿಕೊಂಡು ಅವಳು ಬಚ್ಚಲಲ್ಲಿ ಗೋಳೋ ಎಂದು ಅತ್ತಾಗ, ಟೈಲರಕ್ಕ ಅಂಗಡಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿ, ಮಗಳನ್ನು ಎತ್ತಿಕೊಂಡು ಡಾಕ್ಟರಮ್ಮನ ಹತ್ತಿರ ಓಡಿದಳು.

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ರೆಡಿಮೇಡ್ ಬಟ್ಟೆ ಅಂಗಡಿಯ ಹಿಂಬದಿಯಲ್ಲಿ ಕೂತು ಪ್ಯಾಂಟಿನ ಅಂಚು ಮಡಿಸುವುದು, ಜಿಪ್ ಬದಲಿಸುವುದು, ಬಿಗಿಯಾದದ್ದನ್ನು ಬಿಚ್ಚಿ ಸಡಿಲಿಸುವುದು ಅವಳ ಕೆಲಸ. ಮಗಳು ಎರಡನೇ ಕ್ಲಾಸು. ಬಾಯಿ ತೆರೆದರೆ ಮುಚ್ಚುವ ಅಭ್ಯಾಸವಿಲ್ಲದ್ದರಿಂದ ಅವಳಿಗೆ ಚಿನಕುರಳಿ ಎಂಬ ಹೆಸರು ಬಿದ್ದಿತ್ತು. ಅಂಥ ಚಿನಕುರಳಿ ಡಾಕ್ಟರಮ್ಮನ ಮುಂದೆ ತುಟಿ ಬಿಗಿದುಕೊಂಡು ಕೂತಿತ್ತು.

"ಸ್ಕೂಲಲ್ಲಿ ನೀರು ಕುಡೀತೀಯೇನಮ್ಮಾ?" ಎಂದು ಡಾಕ್ಟರಮ್ಮ ಕೇಳಿದರು.

ಹುಡುಗಿ ತಲೆಯಾಡಿಸಿದಳು, ಇಲ್ಲ ಎಂದು.

"ಬಾಟಲಿ ತುಂಬಿ ಕಳಿಸ್ತೀನಲ್ಲೇ!" ಟೈಲರಕ್ಕ ನಡುವೆ ಬಾಯಿ ಹಾಕಿದಳು.

"ಚೆಲ್ತೀನಿ."

"ಚೆಲ್ತೀಯಾ? ಯಾಕೆ?"

"ಕುಡಿದ್ರೆ ಒಂದಕ್ಕೆ ಬರುತ್ತಲ್ಲಮ್ಮಾ. ಅಲ್ಲಿ ಬೀಗ ಹಾಕಿರ್ತಾರೆ."

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ತಾಯಿಯ ಮುಖ ನೋಡಿದರು. ಬೆಳಿಗ್ಗೆಯಿಂದ ಸಂಜೆಯ ತನಕ ತಡೆದುಕೊಂಡರೆ ಮೂತ್ರದ ಸೋಂಕು ಬರದೆ ಇನ್ನೇನು ಬರುತ್ತದೆ ಎಂದರು. ಆ ಶಾಲೆಯಿಂದ ಇದೇ ತೊಂದರೆ ಹೊತ್ತು ಬಂದ ಹುಡುಗಿ ಇವಳೊಬ್ಬಳೇ ಅಲ್ಲ ಎಂದೂ ಹೇಳಿದರು. ಟೈಲರಕ್ಕನ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಎಂದು ಆಗ ಅವಳಿಗೇ ತಿಳಿಯಲಿಲ್ಲ.

ಆ ಶಾಲೆಯನ್ನು ಯಾರಾದರೂ ಹೀಗಳೆದರೆ ಸೊಂಟ ಕಟ್ಟಿ ಜಗಳಕ್ಕೆ ನಿಲ್ಲುತ್ತಿದ್ದವಳು ಅವಳೇ. ಅದಕ್ಕೆ ಕಾರಣವಿತ್ತು. ಹಿರಿಯ ಮಗನಿಗೆ ಮಾತು ತೊದಲುತ್ತಿತ್ತು. ಗಂಡ ಒಂದು ಖಾಸಗಿ ಶಾಲೆಯ ವ್ಯಾನಿನ ಡ್ರೈವರು. ಅಲ್ಲೇ ಸೀಟು ಕೊಡಿಸುತ್ತೇನೆಂದು ಮಗನನ್ನು ಕರೆದುಕೊಂಡು ಹೋಗಿದ್ದ. ಹುಡುಗ ತನ್ನ ಹೆಸರು ಹೇಳಲು ಹೆಣಗಾಡುತ್ತಿರುವಾಗಲೇ, ಮೇಜಿನ ಆಚೆ ಕೂತಿದ್ದವರು ಗಡಿಯಾರ ನೋಡಿ, "ಮುಂದಿನ ವರ್ಷ ನೋಡೋಣ" ಎಂದು ಕಳಿಸಿಬಿಟ್ಟರು. ಮಾರನೇ ವಾರ ಟೈಲರಕ್ಕ ಅವನನ್ನು ಬೀದಿಯ ಕೊನೆಯ ಸರ್ಕಾರಿ ಶಾಲೆಗೆ ಸೇರಿಸಿದಳು. ಅಲ್ಲಿದ್ದರು ಕನ್ನಡಕದ ಟೀಚರ್. ಅವರು ಹುಡುಗನಿಗೆ ಒಬ್ಬನೇ ಓದು ಎಂದು ಎಂದೂ ಹೇಳಲಿಲ್ಲ. ತಾವೂ ಅವನ ಜೊತೆ ಒಂದೇ ಉಸಿರಿನಲ್ಲಿ, ನಿಧಾನವಾಗಿ, ಪದ ಪದ ಓದಿದರು. ಊಟದ ಬಿಡುವಿನಲ್ಲಿ ಓದಿದರು, ಶಾಲೆ ಬಿಟ್ಟ ಮೇಲೂ ಓದಿದರು. ತಮ್ಮ ದನಿಯನ್ನು ದಿನದಿಂದ ದಿನಕ್ಕೆ ಸಣ್ಣಗೆ ಮಾಡುತ್ತಾ ಹೋದರು. ಎರಡು ವರ್ಷ ಕಳೆದ ಮೇಲೆ ವಾರ್ಷಿಕೋತ್ಸವದಲ್ಲಿ ಹುಡುಗ ಮೈಕಿನ ಮುಂದೆ ನಿಂತು ಇಡೀ ಪುಟ ಓದಿದಾಗ ಟೈಲರಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ್ದಳು.

ಆಮೇಲೆ ಅವಳು ಸುಮ್ಮನಿರಲಿಲ್ಲ. ಬಟ್ಟೆ ಕೊಡಲು ಬಂದವರಿಗೆ, ನಲ್ಲಿಯ ಬಳಿ ಸಿಕ್ಕವರಿಗೆ, ಎಲ್ಲರಿಗೂ ಅದೇ ಮಾತು. ಅವಳ ಮಾತು ಕೇಳಿ ಬೇಕರಿಯಾಕೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಅಲ್ಲಿಗೆ ಸೇರಿಸಿದಳು. ಎದುರು ಮನೆಯ ಪೇಂಟರ್ ತನ್ನ ಮಗನನ್ನು ಸೇರಿಸಿದ.

ಆ ಸಂಜೆ ವ್ಯಾನು ನಿಲ್ಲಿಸಿ ಮನೆಗೆ ಬಂದ ಗಂಡ ಎಲ್ಲ ಕೇಳಿ, ಶೂ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕುಸಿದ. "ನಾನು ಆವತ್ತೇ ಬಡ್ಕೊಂಡೆ ಕಣೇ. ಊರಿನ ಮಕ್ಕಳನ್ನೆಲ್ಲ ಒಳ್ಳೆ ಸ್ಕೂಲಿಗೆ ಹೊತ್ಕೊಂಡು ಹೋಗ್ತೀನಿ, ನನ್ನ ಮಕ್ಕಳು ಮಾತ್ರ..."

"ನಿಮ್ಮ ಒಳ್ಳೆ ಸ್ಕೂಲು ನಮ್ಮ ಮಗನನ್ನ ಹೆಂಗೆ ನೋಡ್ತು ಅಂತ ಮರೆತ್ರಾ?"

"ಮರೆತಿಲ್ಲ. ಆದ್ರೆ ಅಲ್ಲಿ ಕಕ್ಕಸಿಗೆ ಬೀಗ ಇಲ್ಲ."

ಅವಳು ದಡಕ್ಕನೆ ಎದ್ದು ಒಳಗೆ ಹೋದಳು. ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದಳು.

ಮಾರನೇ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲೇ ಶಾಲೆಗೆ ನುಗ್ಗಿದಳು. ಗೋಡೆಗೆ ಹೊಸ ಬಣ್ಣ ಬಳಿದಿದ್ದರು. ನಗುವ ಸೂರ್ಯ, ಪುಸ್ತಕ ಹಿಡಿದ ಆನೆ, ಚಿಟ್ಟೆ. ಕಟ್ಟಡದ ಹಿಂದೆ ಹೋದಳು. ಹುಡುಗಿಯರ ಶೌಚಾಲಯದ ತಗಡಿನ ಬಾಗಿಲಿಗೆ ಅಂಗೈಯಗಲದ ಬೀಗ ನೇತಾಡುತ್ತಿತ್ತು. ಅದರ ಪಕ್ಕದ ಮೂಲೆಯಲ್ಲಿ, ಕಾಂಪೌಂಡಿನ ಗೋಡೆಗೂ ಮುರಿದ ಬೆಂಚುಗಳ ರಾಶಿಗೂ ನಡುವೆ, ಒಬ್ಬ ಹುಡುಗಿ ಕೂತಿದ್ದಳು. ಇನ್ನೊಬ್ಬಳು ಅವಳಿಗೆ ಬೆನ್ನು ಹಾಕಿ, ತನ್ನ ಲಂಗವನ್ನು ಎರಡೂ ಕಡೆ ಹರಡಿ ಹಿಡಿದು ಮರೆಯಾಗಿ ನಿಂತಿದ್ದಳು. ಟೈಲರಕ್ಕನನ್ನು ಕಂಡದ್ದೇ ತಡ, ಇಬ್ಬರೂ ಕಳ್ಳರ ಹಾಗೆ ಓಡಿಹೋದರು. ಆ ಓಟ ನೋಡಿ ಅವಳಿಗೆ ಕಣ್ಣು ಕತ್ತಲಿಟ್ಟಿತು.

ಹೆಡ್ ಮಾಸ್ತರು ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ನೋಡಿಯಮ್ಮಾ, ಮಕ್ಕಳು ಗಲೀಜು ಮಾಡ್ತಾರೆ. ನೀರಿನ ಪೈಪು ಒಡೆದು ಯಾವ ಕಾಲ ಆಯ್ತೋ. ತೊಳೆಯೋಕೆ ಜನ ಇಲ್ಲ. ಮೇಲಿನವರಿಗೆ ಹೇಳಿದ್ದೀವಿ."

"ನೀವು ಎಲ್ಲಿಗೆ ಹೋಗ್ತೀರಿ ಸಾರ್?"

"ಏನಂದ್ರಿ?"

"ನಿಮಗೆ ಒಂದಕ್ಕೆ ಬಂದ್ರೆ ಎಲ್ಲಿಗೆ ಹೋಗ್ತೀರಿ ಅಂದೆ."

ಅವರ ಮುಖ ಕೆಂಪಾಯಿತು. ಕಚೇರಿಯ ಪಕ್ಕದಲ್ಲೇ ಸಿಬ್ಬಂದಿಗೆ ಬೇರೆ ಶೌಚಾಲಯವಿತ್ತು. ಬಕೆಟು, ಸೋಪು, ಒಳಗಡೆ ಚಿಲಕ, ಎಲ್ಲ ಇತ್ತು. ಅದನ್ನು ಬರುವಾಗಲೇ ಅವಳು ನೋಡಿಕೊಂಡು ಬಂದಿದ್ದಳು.

"ಬೀಗ ಹಾಕಿಸಿದ್ದು ನಾನಲ್ಲಮ್ಮಾ," ಎಂದು ಅವರು ದನಿ ತಗ್ಗಿಸಿದರು. "ಕೀ ಇರೋದು ಟೀಚರ್ ಹತ್ರ. ನಿಮ್ಮ ಮಗನಿಗೆ ಓದೋದು ಕಲಿಸಿದ್ರಲ್ಲ, ಅವರೇ."

ಟೈಲರಕ್ಕನಿಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು.

ಕನ್ನಡಕದ ಟೀಚರ್ ತರಗತಿಯಲ್ಲಿ ಬೋರ್ಡು ಒರೆಸುತ್ತಿದ್ದರು. ಮಕ್ಕಳಿನ್ನೂ ಪ್ರಾರ್ಥನೆಗೆ ಹೊರಗಿದ್ದರು. ಅವಳನ್ನು ಕಂಡು ಎಂದಿನಂತೆ ನಕ್ಕರು. "ಬನ್ನಿ ಬನ್ನಿ. ಚಿನಕುರಳಿ ಯಾಕೆ ಬಂದಿಲ್ಲ?"

"ಬೀಗ ಹಾಕಿದ್ದು ನೀವಂತೆ."

ನಗು ಅಲ್ಲೇ ಉಳಿದು ನಿಧಾನವಾಗಿ ಬತ್ತಿತು. ಡಸ್ಟರನ್ನು ಮೇಜಿನ ಮೇಲಿಟ್ಟು, ಕೈಗೆ ಹತ್ತಿದ್ದ ಸೀಮೆಸುಣ್ಣವನ್ನು ಜಾಡಿಸಿಕೊಂಡರು. "ಹೌದು, ನಾನೇ. ಎರಡು ವರ್ಷ ಅದನ್ನ ನಾನೇ ತೊಳೆದೆ, ಗೊತ್ತಾ ನಿಮಗೆ? ಎಲ್ಲರೂ ಹೋದ ಮೇಲೆ ಹೊರಗಿನ ನಲ್ಲಿಯಿಂದ ನೀರು ಹೊತ್ತು ತೊಳೆದೆ. ನನ್ನ ಬೆನ್ನು ಹೋಯ್ತು. ಡಾಕ್ಟ್ರು ಬಗ್ಗಬೇಡಿ ಅಂದ್ರು. ಆಮೇಲೆ ಅದು ತುಂಬಿ ನಿಂತು ಹುಳ ಆಯ್ತು. ಒಂದು ಮಗು ಜಾರಿ ಅದರಲ್ಲೇ ಬಿತ್ತು. ಬೀಗ ಹಾಕದೆ ಏನು ಮಾಡ್ಲಿ?"

"ನಮಗೆ ಹೇಳ್ಬೇಕಿತ್ತು!"

"ಹೇಳಿದ್ರೆ?" ಟೀಚರ್ ದನಿ ಮೊದಲ ಸಲ ಏರಿತು. "ಹೇಳಿದ್ರೆ ಅರ್ಧ ಜನ ಮಾರನೇ ದಿನವೇ ಮಕ್ಕಳನ್ನ ಬಿಡಿಸ್ಕೊಂಡು ಹೋಗ್ತಿದ್ರಿ. ಮಕ್ಕಳು ಕಮ್ಮಿ ಆದ್ರೆ ಶಾಲೆ ಮುಚ್ಚೋಕೆ ಕಾಯ್ತಾ ಕೂತಿದ್ದಾರೆ. ಆಮೇಲೆ ನಿಮ್ಮ ಮಗನಂಥ ಮಕ್ಕಳು ಎಲ್ಲಿಗೆ ಹೋಗ್ಬೇಕು? ಹೇಳಿ, ಎಲ್ಲಿಗೆ ಹೋಗ್ಬೇಕು?"

"ನಿಮ್ಮ ಶಾಲೆ ಉಳಿಸೋಕೆ ನನ್ನ ಮಗಳು ಉಚ್ಚೆ ತಡ್ಕೊಂಡು ಸಾಯ್ಬೇಕಾ?"

ಟೀಚರ್ ಡಸ್ಟರನ್ನು ಮತ್ತೆ ಕೈಗೆತ್ತಿಕೊಂಡರು.

"ಎದುರಿಗೆ ಚೊಕ್ಕಟವಾದದ್ದು ಒಂದಿದೆಯಲ್ಲ, ನಿಮ್ಮದು," ಟೈಲರಕ್ಕ ಕಚೇರಿಯ ಕಡೆ ಕೈ ತೋರಿಸಿದಳು. "ಅದಕ್ಕೆ ಒಂದೇ ಒಂದು ದಿನ, ಒಂದೇ ಒಂದು ಮಗೂನ ಬಿಟ್ರಾ? ನನ್ನ ಮಗನಿಗೆ ಬಾಯಿ ಕೊಟ್ಟೋರು ನೀವು. ನಿಮಗೆ ದಿನಾ ಕೈ ಮುಗೀತಿದ್ದೆ. ಮಗಳಿಗೆ ಏನು ಕೊಟ್ರಿ ನೋಡಿ. ಆಸ್ಪತ್ರೆ!"

ಬಾಗಿಲಲ್ಲಿ ಮಕ್ಕಳು ಗುಂಪುಗೂಡಿದ್ದರು. ಅವರ ನಡುವೆ ತನ್ನ ಮಗ ನಿಂತಿದ್ದದ್ದನ್ನು ಅವಳು ಹೊರಬರುವಾಗ ನೋಡಿದಳು. ಅವನು ಅಮ್ಮನ ಮುಖ ನೋಡಲಿಲ್ಲ.

ಶನಿವಾರ ಪೋಷಕರ ಸಭೆ. ಟೈಲರಕ್ಕ ಎದ್ದು ನಿಂತು ವಿಷಯವನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಹೆಡ್ ಮಾಸ್ತರಿಗಿಂತ ಮೊದಲು ಅವಳ ಮೇಲೆ ಹರಿಹಾಯ್ದವಳು ಬೇಕರಿಯಾಕೆ.

"ಅಲ್ಲಾ ಕಣೇ, ಈಗ ಹೇಳ್ತಿದ್ದೀಯಲ್ಲ! ನಿನ್ನ ಮಾತು ಕೇಳ್ಕೊಂಡು ತಾನೇ ನನ್ನ ಮಕ್ಕಳನ್ನ ಇಲ್ಲಿಗೆ ತಂದು ಹಾಕಿದ್ದು? ದೊಡ್ಡವಳು ದಿನಾ ಮನೆಗೆ ಓಡಿ ಬಂದು ಬ್ಯಾಗು ಎಸೆದು ಬಚ್ಚಲಿಗೆ ನುಗ್ತಾಳೆ. ನಾನು ಅವಳಿಗೆ ಬೈದಿದ್ದೀನಿ, ಬಾರಿಸಿದ್ದೀನಿ, ಏನು ಚೇಷ್ಟೆ ಇದು ಅಂತ!"

"ನಿನ್ನ ಸಿಟ್ಟು ಸರಿ," ಎಂದಳು ಟೈಲರಕ್ಕ. "ಬೈ. ಇನ್ನೂ ಬೈ. ಆದ್ರೆ ನನ್ನೊಬ್ಬಳಿಗೇ ಬೈದು ಮನೆಗೆ ಹೋಗ್ಬೇಡ."

ಪೇಂಟರ್ ಕೈ ಎತ್ತಿದ. "ಗಲಾಟೆ ಯಾಕೆ ಅಕ್ಕಾ? ನನ್ನ ಮಗ ಇಲ್ಲಿ ಬಂದ್ಮೇಲೆ ಮಗ್ಗಿ ಪಟಪಟ ಹೇಳ್ತಾನೆ. ಮೇಷ್ಟ್ರುಗಳು ಒಳ್ಳೇವರು. ಕೆದಕಿ ಕೆದಕಿ ಕೊನೆಗೆ ಇದ್ದ ಶಾಲೆನೂ ಹೋದ್ರೆ?"

"ನಿನ್ನ ಮಗ ಗಂಡು. ಗೋಡೆ ಕಡೆ ತಿರುಗಿ ನಿಂತ್ರೆ ಅವನ ಕೆಲಸ ಮುಗೀತು. ನಿನಗೆ ಮಗಳು ಇದ್ದಿದ್ರೆ ಮಗ್ಗಿ ಮಾತು ಎತ್ತುತ್ತಿರಲಿಲ್ಲ."

ಪೇಂಟರ್ ಕೈ ಇಳಿಸಿದ. ಹೆಡ್ ಮಾಸ್ತರು ಮೇಲಿನವರು, ಕ್ರಮ, ತಾಳ್ಮೆ ಎಂದು ಶುರು ಮಾಡಿದರು. ಟೈಲರಕ್ಕ ಅವರ ಮಾತು ಮುಗಿಯುವ ತನಕ ಕಾಯಲಿಲ್ಲ. ಹೊರಗೆ ಆಡುತ್ತಿದ್ದ ಹುಡುಗಿಯರನ್ನೆಲ್ಲ ಕರೆದು, ಸಿಬ್ಬಂದಿಯ ಶೌಚಾಲಯದ ಬಾಗಿಲು ತೆರೆದು ಹಿಡಿದು ನಿಂತಳು.

"ಬನ್ನಿ ಮಕ್ಕಳಾ, ಒಬ್ಬೊಬ್ಬರೇ ಬನ್ನಿ. ಇವತ್ತಿಂದ ಇದು ನಿಮ್ಮದು."

"ಇದೇನಮ್ಮಾ ದೌರ್ಜನ್ಯ! ನಾನು ಪೊಲೀಸರನ್ನ ಕರೆಸ್ಬೇಕಾಗುತ್ತೆ!" ಹೆಡ್ ಮಾಸ್ತರು ಓಡೋಡಿ ಬಂದರು.

"ಕರೆಸಿ ಸಾರ್. ಬರ್ತಾ ಒಬ್ಬ ಪ್ಲಂಬರನ್ನೂ ಕರ್ಕೊಂಡು ಬರೋಕೆ ಹೇಳಿ."

ಯಾರೋ ಕಿಸಕ್ಕೆಂದರು. ಬೇಕರಿಯಾಕೆ ನಗಲಿಲ್ಲ. ನೆಟ್ಟಗೆ ನಡೆದು ಬಂದು ಬಾಗಿಲಿನ ಇನ್ನೊಂದು ಬದಿಗೆ ನಿಂತಳು. ಆಮೇಲೆ ಇನ್ನಿಬ್ಬರು ತಾಯಂದಿರು ಬಂದರು. ಸೋಮವಾರದಿಂದ ಸರದಿಯ ಮೇಲೆ ಒಬ್ಬೊಬ್ಬರು ಅಲ್ಲೇ ಸ್ಟೂಲು ಹಾಕಿಕೊಂಡು ಕೂತರು. ಬಾಗಿಲ ಮುಂದೆ ಹುಡುಗಿಯರ ಸಾಲು ಕರಗುತ್ತಲೇ ಇರಲಿಲ್ಲ. ಮೇಷ್ಟ್ರುಗಳೂ ಅದೇ ಸಾಲಿನಲ್ಲಿ ನಿಲ್ಲಬೇಕಾಯಿತು. ಒಂದು ಮಧ್ಯಾಹ್ನ ಹೆಡ್ ಮಾಸ್ತರು ಕಾಲು ಬದಲಿಸುತ್ತ, ಬೆವರುತ್ತ ನಿಂತದ್ದನ್ನು ಟೈಲರಕ್ಕ ಸ್ಟೂಲಿನ ಮೇಲಿಂದ ನೋಡಿದಳು. ಅವಳಿಗೆ ಅಯ್ಯೋ ಅನ್ನಿಸಲಿಲ್ಲ.

ವರ್ಷಗಟ್ಟಲೆ ಆಗದ ಕೆಲಸ ಆ ವಾರದೊಳಗೆ ಆಯಿತು. ಹೆಡ್ ಮಾಸ್ತರು ತಾವೇ ಖುದ್ದಾಗಿ ಹೋಗಿ ಮೇಲಿನವರ ಮೇಜಿನ ಮುಂದೆ ಕೂತರಂತೆ. ಪೈಪು ಬಂತು, ತೊಟ್ಟಿ ಬಂತು, ತೊಳೆಯಲು ಒಬ್ಬ ಹೆಂಗಸು ಬಂದಳು. ಬೀಗ ಕಿತ್ತರು. ಬೀದಿಯವರು ಟೈಲರಕ್ಕನಿಗೆ ಶಹಬ್ಬಾಸ್ ಎಂದರು. ಅವಳಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಯಿತು. "ಅಂದ್ರೆ ಇದು ಮೊದಲಿಂದ್ಲೂ ಆಗೋ ಕೆಲಸವೇ ಆಗಿತ್ತು," ಎಂದು ಗಂಡನ ಮುಂದೆ ಹಲ್ಲು ಕಡಿದಳು. "ದೊಡ್ಡವರಿಗೆ ಅರ್ಜೆಂಟ್ ಆಗ್ಬೇಕಿತ್ತು ಅಷ್ಟೇ."

ಬೇಕರಿಯಾಕೆ ಇಷ್ಟೆಲ್ಲ ಜೊತೆಗೆ ನಿಂತೂ ತನ್ನ ಹೆಣ್ಣುಮಕ್ಕಳನ್ನು ಬಿಡಿಸಿ ಖಾಸಗಿ ಶಾಲೆಗೆ ಹಾಕಿದ್ದಳು. ಈಗ ಅವರು ಬೆಳಿಗ್ಗೆ ಹತ್ತುವುದು ಟೈಲರಕ್ಕನ ಗಂಡನ ವ್ಯಾನನ್ನೇ. "ಇನ್ನೊಂದು ಸಲ ನಂಬೋಕೆ ನನ್ನ ಕೈಲಾಗಲ್ಲಮ್ಮಾ," ಎಂದು ಆಕೆ ಟೈಲರಕ್ಕನಿಗೆ ಹೇಳಿದ್ದಳು. ಅದಕ್ಕೆ ಇವಳು ಸಿಟ್ಟಾಗಲು ಹೋದಳು, ಆಗಲಿಲ್ಲ.

ಮನೆಯೊಳಗಿನ ಜಗಳ ಮಾತ್ರ ಬೇರೆಯೇ ಇತ್ತು. ಮಗ ಅಮ್ಮನ ಜೊತೆ ಮಾತು ಬಿಟ್ಟಿದ್ದ. ಒಂದು ಸಂಜೆ ಅವಳೇ ಅವನ ರಟ್ಟೆ ಹಿಡಿದು ನಿಲ್ಲಿಸಿದಳು. "ಏನೋ ನಿಂದು? ಬಾಯಿ ಬಿಟ್ಟು ಹೇಳು."

"ನೀ... ನೀ... ನೀನು ನನ್ನ ಟೀ... ಟೀ..." ಎಷ್ಟೋ ಕಾಲದಿಂದ ಕೇಳದಿದ್ದ ತೊದಲು ಅದು. ಹುಡುಗ ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡು, ಟೀಚರ್ ಕಲಿಸಿದಂತೆ ಒಂದೊಂದೇ ಪದ ಹೊರಗಿಟ್ಟ. "ನನ್ನ ಟೀಚರ್‌ಗೆ. ಎಲ್ಲರ ಮುಂದೆ. ಬೈದೆ. ಅವರು. ಆಮೇಲೆ. ಅತ್ರು."

ಟೈಲರಕ್ಕ ಅವನ ರಟ್ಟೆ ಬಿಟ್ಟಳು. ಮಂಚದ ಮೇಲೆ ಚಿನಕುರಳಿ ಔಷಧಿ ಕುಡಿದು ಮಲಗಿತ್ತು.

"ಬೈದೆ," ಎಂದಳು. "ನಿನಗೆ ಓದು ಕಲಿಸಿದ್ದಕ್ಕೆ ಅವರ ಕಾಲಿಗೆ ಬೀಳ್ತೀನಿ. ನಿನ್ನ ತಂಗಿಗೆ ಮಾಡಿದ್ದಕ್ಕೆ ಬೈತೀನಿ. ಎರಡೂ ನಾನೇ. ನೀನು ಬೇಕಾದ್ರೆ ನನ್ನ ಮೇಲೆ ಸಿಟ್ಟು ಮಾಡ್ಕೋ, ಆದ್ರೆ ಹೀಗೇ ಮಾತಾಡಿ ಸಿಟ್ಟು ಮಾಡ್ಕೋ."

ಹುಡುಗ ಒಪ್ಪಲಿಲ್ಲ. ಆದರೆ ಊಟಕ್ಕೆ ಪಕ್ಕದಲ್ಲೇ ಬಂದು ಕೂತ.

ಚಿನಕುರಳಿ ವಾಸಿಯಾಗಿ ಶಾಲೆಗೆ ಹೋದ ದಿನ ಮನೆಗೆ ಬಂದದ್ದೇ ವರದಿ ಒಪ್ಪಿಸಿತು. ಕನ್ನಡಕದ ಟೀಚರ್ ಬೆಳಿಗ್ಗೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಬೀಗ ಹಾಕಿದ್ದು ನನ್ನ ತಪ್ಪು, ಇನ್ನು ಮುಂದೆ ಯಾರಿಗೆ ಯಾವಾಗ ಬಂದರೂ ಕೇಳದೆ ಎದ್ದು ಹೋಗಿ ಎಂದರಂತೆ. "ಅದಕ್ಕೆ ನಾನು ಲೆಕ್ಕದ ಪಿರಿಯಡ್ಡಲ್ಲಿ ಎದ್ದು ಎದ್ದು ಹೋದೆ ಅಮ್ಮಾ!" ಟೈಲರಕ್ಕನಿಗೆ ನಗು ಬಂತು. ಟೀಚರ್ ಕ್ಷಮೆ ಕೇಳಿದ್ದು ತನ್ನನ್ನಲ್ಲ, ಮಕ್ಕಳನ್ನು ಎಂಬುದು ಸರಿಯೆನಿಸಿತು. ಆದರೂ ಎದೆಯೊಳಗಿನ ಕೆಂಡ ಆರಲಿಲ್ಲ.

ಈಗಲೂ ಅವಳು ಅಂಗಡಿಗೆ ಹೋಗುವಾಗ ಹೇಳದೆ ಕೇಳದೆ ಶಾಲೆಯ ಹಿಂದಕ್ಕೆ ಒಂದು ಸುತ್ತು ಹೋಗಿ ಬರುತ್ತಾಳೆ. ಅವಳನ್ನು ಕಂಡರೆ ಹೆಡ್ ಮಾಸ್ತರು ಫೋನಿನಲ್ಲಿ ಮುಳುಗುತ್ತಾರೆ. ಮೊನ್ನೆ ಅಲ್ಲಿ ಕನ್ನಡಕದ ಟೀಚರ್ ಎದುರಾದರು. ಇಬ್ಬರಿಗೂ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಟೀಚರ್ ಶೌಚಾಲಯದ ಬಾಗಿಲು ದೂಡಿ, ನೋಡಿ ಎಂಬಂತೆ ಪಕ್ಕಕ್ಕೆ ಸರಿದರು.

ಟೈಲರಕ್ಕ ಇಣುಕಿದಳು. ನಲ್ಲಿ ತಿರುಗಿಸಿದಳು, ನೀರು ಬಂತು.

"ಮಗ್ಗು ಒಡೆದಿದೆ," ಎಂದಳು.

"ನಾಳೆ ತರಿಸ್ತೀನಿ."

"ಇವತ್ತೇ ತರಿಸಿ ಟೀಚರ್," ಎಂದು ಹೇಳಿ ಅವಳು ಕೆಲಸಕ್ಕೆ ಹೊರಟಳು.