ಜಾತಿಲವಾಸಿಗೆ ಬಾಯಿ ಕೊಟ್ಟವರು

"ಏ, ಚಪ್ಪಲಿ ಹೊರಗ ಬಿಡ್ರೇ. ಆ ಕಾಲೂ ಹೊರಗ ಬಿಟ್ಟು ಬಂದ್ರ ಇನ್ನೂ ಛಲೋ," ಎಂದ ಅಮರಯ್ಯ.

ಸಾಬಮ್ಮ ತನ್ನ ಪಾದ ನೋಡಿಕೊಂಡಳು. ಹಿಮ್ಮಡಿಯ ಬಿರುಕಿನಲ್ಲಿ ನಿನ್ನೆಯ ಸಿಮೆಂಟು ಒಣಗಿ ಕೂತಿತ್ತು.

"ಕಾಲು ಬಿಚ್ಚಾಕ ಬರಂಗಿಲ್ರೀ ಅಯ್ಯಾರ. ನಮ್ಮವ್ವ ಗಟ್ಟಿ ಹೊಲಿದು ಕಳಿಸ್ಯಾಳ."

ಹಿಂದೆ ನಿಂತಿದ್ದ ದುರ್ಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಿನ್ನ ಬಾಯಿಗೇ ಕೆಲಸ ಹುಡುಕೀನಿ ಇವತ್ತ. ಒಳಗ ಮಾತ್ರ ಬಾಯಿ ಮುಚ್ಕೊಂಡಿರು."

"ಬಾಯಿ ಕೆಲಸ ಅಂತೀರಿ, ಬಾಯಿ ಮುಚ್ಚು ಅಂತೀರಿ. ಎರಡರಾಗ ಯಾವುದು ಮಾಡ್ಲಿ?"

ಅಮರಯ್ಯ ಬಾಗಿಲು ತಳ್ಳಿದ. ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಕೂಲಿಯವರು ಸೇರುವ ಅಡ್ಡಾದಲ್ಲಿ ದಿನಾ ಬೆಳಿಗ್ಗೆ ನಿಂತು, ಕಟ್ಟಡದ ಕೆಲಸಕ್ಕೆ ಯಾರು ಹೋಗಬೇಕು, ಯಾರು ಬರಿಗೈಲಿ ಮನೆಗೆ ಹೋಗಬೇಕು ಎಂದು ತೀರ್ಮಾನಿಸುವ ಮೇಸ್ತ್ರಿ ಅವನು. ಯಾದಗಿರಿ ಕಡೆಯಿಂದ ಬಂದವರಿಗೆಲ್ಲ ಅವನೇ ದಣಿ. ಅವರು ಮಲಗುವ ತಗಡಿನ ಶೆಡ್ಡುಗಳೂ ಅವನವೇ. ದಿನಾ ತೋಳು ನೋಡಿ ಆಳು ಆರಿಸುತ್ತಿದ್ದವನು ಅವತ್ತು ಮಾತ್ರ, "ನಿಮ್ಮಾಗ ಗಂಟಲು ದೊಡ್ಡದು ಯಾರದೈತಿ?" ಎಂದು ಕೇಳಿದ್ದ. ಇಡೀ ಅಡ್ಡಾ ಸಾಬಮ್ಮನ ಕಡೆ ಕೈ ತೋರಿಸಿತ್ತು. ಸಾಬಮ್ಮ ಒಬ್ಬಳೇ ಬರಲು ಒಪ್ಪಲಿಲ್ಲ. ಏಳು ತಿಂಗಳ ಬಸುರಿ ದುರ್ಗಮ್ಮನಿಗೆ ಇಟ್ಟಿಗೆ ಹೊರಲು ಆಗುತ್ತಿರಲಿಲ್ಲ. ಮುದುಕಿ ಹಣಮವ್ವನಿಗೆ ಮೊಣಕಾಲು ಮಡಚಲು ಬರುತ್ತಿರಲಿಲ್ಲ. "ಇವರದೂ ಗಂಟಲು ನಂದಕಿಂತ ದೊಡ್ಡದ್ರಿ," ಎಂದು ಹಸಿ ಸುಳ್ಳು ಹೇಳಿ ಇಬ್ಬರನ್ನೂ ಜೊತೆಗೆ ಎಳೆದುಕೊಂಡು ಬಂದಿದ್ದಳು. ಹಣಮವ್ವ ಮಾತಾಡಿದ್ದನ್ನು ಅಡ್ಡಾದಲ್ಲಿ ಯಾರೂ ಸರಿಯಾಗಿ ಕೇಳಿರಲಿಲ್ಲ.

ಅದು ಅಮೀರ್‌ಪೇಟ್‌ನ ಒಂದು ಗಲ್ಲಿಯಲ್ಲಿ, ಕೋಚಿಂಗ್ ಸೆಂಟರ್ ಮೇಲಿನ ಮಹಡಿಯಲ್ಲಿದ್ದ ಡಬ್ಬಿಂಗ್ ಸ್ಟುಡಿಯೋ. ಅದರ ಯಜಮಾನ ಶ್ರೀಹರ್ಷ ಮೈಸೂರಿನವನು. ಟಿವಿ ಚಾನೆಲ್ಲಿಗಾಗಿ ಪರದೇಶದ ಸಾಕ್ಷ್ಯಚಿತ್ರಗಳಿಗೆ ಕನ್ನಡದ ಮಾತು ಜೋಡಿಸಿ ಕೊಡುತ್ತಿದ್ದ. ಈ ಸಲದ್ದು ಇಂಡೋನೇಷ್ಯಾದ ಒಂದು ಹಳ್ಳಿಯ ಪರಿಚಯ. ಆ ಹಳ್ಳಿಯ ಹೆಂಗಸರಿಗೆ ಅವನ ಮಾಮೂಲಿ ಕಲಾವಿದೆಯರು ದನಿ ಕೊಟ್ಟರೆ ಧಾರಾವಾಹಿಯ ಅತ್ತೆಯರು ಗದ್ದೆಗೆ ಇಳಿದಂತೆ ಕೇಳಿಸುತ್ತಿತ್ತು. ಚಾನೆಲ್ಲಿನವರು, "ಮಣ್ಣಿನ ವಾಸನೆ ಬೇಕು," ಎಂದು ವಾಪಸು ಕಳಿಸಿದ್ದರು. ಮಣ್ಣಿನ ವಾಸನೆ ಸ್ವತಃ ನಡೆದು ಒಳಗೆ ಬಂದಾಗ ಶ್ರೀಹರ್ಷ ರೂಮ್ ಫ್ರೆಶ್ನರ್ ಹೊಡೆಸಿದ.

"ನೆಲದ ಮೇಲೆ ಕೂತ್ಕೊಳ್ಳಿ. ಸೋಫಾ ಮುಟ್ಬೇಡಿ, ಆಮೇಲೆ ಆರ್ಟಿಸ್ಟ್‌ಗಳು ಬರ್ತಾರೆ."

ಗಾಜಿನ ಆಚೆ ಯಂತ್ರಗಳ ಮುಂದೆ ಕೂತಿದ್ದ ರೋಹಿತ ಎಂಬ ಸೌಂಡ್ ಇಂಜಿನಿಯರ್ ಗುಂಡಿ ಒತ್ತಿದ. ಪರದೆಯ ಮೇಲೆ ಹಳ್ಳಿ ಬಂತು.

ಗುಡ್ಡದ ಮೈಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಗದ್ದೆಗಳು. ಮೆಟ್ಟಿಲು ಮೆಟ್ಟಿಲಿಗೂ ಆಕಾಶದ ಒಂದೊಂದು ತುಂಡು ಬಿದ್ದುಕೊಂಡಿತ್ತು. ಮೊರದಂಥ ಟೋಪಿ ಹಾಕಿಕೊಂಡ ಹೆಂಗಸರು ಸಾಲಾಗಿ ಬಾಗಿ ಸಸಿ ನೆಡುತ್ತಿದ್ದರು. ಬದುವಿನ ಮೇಲೆ ಬಾತುಕೋಳಿಗಳ ಮೆರವಣಿಗೆ. ಬಿದಿರು ಹೆಣೆದ ಗೋಡೆಯ ಮನೆ, ಅದರ ಪಕ್ಕದಲ್ಲಿ ಮರದ ಕಾಲುಗಳ ಮೇಲೆ ನಿಂತ ಸಣ್ಣ ಕಣಜ, ದೂರದಲ್ಲೊಂದು ಅಕ್ಕಿ ಗಿರಣಿ.

"ಯಕ್ಕಾ ನೋಡು," ದುರ್ಗಮ್ಮ ಪಿಸುಗುಟ್ಟಿದಳು, "ಇವರೂ ಹಿಂದಕ್ಕ ಹಿಂದಕ್ಕನ ಹೊಕ್ಕಾರ!"

"ಮುಂದಕ್ಕ ಹೋದ್ರ ಹಚ್ಚಿದ ಸಸಿ ತುಳೀತಾರಲ್ಲ ಹುಚ್ಚಿ. ಊರು ಯಾವುದ್ರಿ ಇದು ಸಾಹೇಬ್ರ?"

"ಜಾತಿಲವಾಸ್," ಎಂದ ಶ್ರೀಹರ್ಷ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನಂದ್ರಿ? ಜಾತಿ?"

"ಅವರ ಭಾಷೇಲಿ ಜಾತಿ ಅಂದ್ರೆ ತೇಗದ ಮರ ಅಷ್ಟೇ."

"ಹಂಗಾದ್ರ ನಮ್ಮೂರಾಗೂ ಕಟಗೀನ ಬಿಡ್ರಿ," ಎಂದಳು ಸಾಬಮ್ಮ. "ಬೆನ್ನ ಮ್ಯಾಲ ಬೀಳತೈತಿ."

ಗಾಜಿನ ಆಚೆ ರೋಹಿತ ಕೆಮ್ಮಿದ. ಅಮರಯ್ಯ ಕಣ್ಣು ಕೆಕ್ಕರಿಸಿದ.

ಸಾಬಮ್ಮನದು ಶಹಾಪುರದ ಹತ್ತಿರದ ಊರು. ಕಾಲುವೆ ನೀರು ಬಂದ ಮೇಲೆ ಅಲ್ಲೂ ಭತ್ತದ ಗದ್ದೆಗಳಾಗಿದ್ದವು. ಅಲ್ಲಿ ಅವಳ ಕೈಯಷ್ಟು ಚುರುಕಾಗಿ ಸಸಿ ಹಚ್ಚುವವರು ಇರಲಿಲ್ಲ. ಒಂದು ಮಧ್ಯಾಹ್ನ ಗೌಡನ ಮಗ ಬದುವಿನ ಮೇಲೆ ಮೋಟರ್ ಸೈಕಲ್ ನಿಲ್ಲಿಸಿ, ಕುಡಿಯುವ ನೀರಿನ ಕ್ಯಾನು ಇಳಿಸಿದ್ದ. ಬಾಯಾರಿದ್ದ ಸಾಬಮ್ಮ, ಬೊಗಸೆಗೆ ಮೇಲಿನಿಂದ ಎತ್ತಿ ಹಾಕುವವರಿಗೆ ಕಾಯದೆ ತಾನೇ ಕೈ ಹಾಕಿ ಬಗ್ಗಿಸಿಕೊಂಡು ಕುಡಿದಳು. ಅವನು ಉಳಿದ ನೀರನ್ನೆಲ್ಲ ಅವಳ ಕಣ್ಣೆದುರೇ ಗದ್ದೆಗೆ ಚೆಲ್ಲಿದ. "ಆ ನೀರು ನಿಮ್ಮ ಗದ್ದಿಗೇ ಹೋತಲ್ರಿ. ಇನ್ನ ಈ ಅನ್ನ ಹ್ಯಾಂಗ ಉಣ್ತೀರಿ?" ಎಂದು ಕೇಳಿದ್ದಳು ಸಾಬಮ್ಮ. ಆ ಒಂದು ಮಾತಿಗೆ ಊರಿನಲ್ಲಿ ಅವಳನ್ನು ಯಾರೂ ಕೆಲಸಕ್ಕೆ ಕರೆಯದಂತಾಯಿತು. ಗಂಡನಿಲ್ಲದ ಹೆಂಗಸು, ಗಂಟು ಕಟ್ಟಿಕೊಂಡು ಹೈದರಾಬಾದಿನ ಬಸ್ಸು ಹತ್ತಿದ್ದಳು.

"ನೀನು ಬಾಮ್ಮ, ಈ ಮೈಕ್ ಮುಂದೆ ನಿಲ್ಲು," ಎಂದ ಶ್ರೀಹರ್ಷ. ಆಮೇಲೆ ಥಟ್ಟನೆ, "ಒಂದ್ನಿಮಿಷ! ರೋಹಿತ್, ಆ ಕವರ್ ತೆಗಿ. ಹಳೇದು ಹಾಕು."

ಮೈಕಿಗೆ ತೊಡಿಸಿದ್ದ ಕರಿ ಸ್ಪಂಜಿನ ಟೋಪಿಯನ್ನು ರೋಹಿತ ತಲೆ ತಗ್ಗಿಸಿ ತೆಗೆದ. ಅದರ ಜಾಗಕ್ಕೆ ಮಾಸಿದ ಹಳದಿ ಸ್ಪಂಜು ಬಂತು.

ಸಾಬಮ್ಮನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. "ಹೋಟೆಲ್ನಾಗ ಎರಡು ಗ್ಲಾಸ್ ಇಡೂದು ನೋಡಿದ್ನಿ ದುರ್ಗೀ," ಎಂದಳು. "ಮಾತಿಗೂ ಎರಡು ಗ್ಲಾಸ್ ಇರ್ತಾವ ಅಂತ ಇವತ್ತ ತಿಳೀತು ನೋಡು."

"ಹೈಜೀನ್ ಅಮ್ಮ, ಹೈಜೀನ್," ಎಂದ ಶ್ರೀಹರ್ಷ.

"ಹೌದ್ರಿ, ನಮ್ಮ ಗೌಡ್ರ ಮನ್ಯಾಗೂ ಅದ ಇತ್ತು. ಹೆಸರು ಬ್ಯಾರೆ."

ಕೆಲಸ ಶುರುವಾಯಿತು. ಪರದೆಯ ಮೇಲೆ ಒಬ್ಬ ಹೆಂಗಸು. ಸಾಬಮ್ಮನದೇ ವಯಸ್ಸು, ಮೊಣಕಾಲಿನತನಕ ಕೆಸರು. ಬದುವಿನ ಮೇಲೆ ಮೋಟರ್ ಸೈಕಲ್ಲಿನಲ್ಲಿ ಕೂತಿದ್ದ ಗಿರಣಿಯ ಕಡೆಯವನೊಬ್ಬನ ಎದುರು ನಿಂತು ಏನೋ ಹೇಳುತ್ತಿದ್ದಳು. ಅವಳ ಮಾತು ಕೇಳಿಸುತ್ತಿರಲಿಲ್ಲ. ಇಂಗ್ಲಿಷಿನ ಗಂಡಸೊಬ್ಬನ ದನಿ ಅದನ್ನು ಪೂರ್ತಿ ಮುಚ್ಚಿಹಾಕಿತ್ತು. ಆ ಇಂಗ್ಲಿಷಿನಿಂದ ಕನ್ನಡಕ್ಕೆ ತಂದದ್ದನ್ನು ಶ್ರೀಹರ್ಷ ಸಾಬಮ್ಮನಿಗೆ ಬಾಯಿಪಾಠ ಮಾಡಿಸಿದ: "ಬನ್ನಿ ಸ್ವಾಮಿ, ನಮ್ಮ ಹಳ್ಳಿಗೆ ಬನ್ನಿ. ಈ ಮಣ್ಣು ನಮಗೆ ಎಲ್ಲವನ್ನೂ ಕೊಟ್ಟಿದೆ. ನಾವು ಸುಖವಾಗಿದ್ದೇವೆ."

ಸಾಬಮ್ಮ ಹೇಳಿದಳು. ಅವಳ ಮಾತು ಮುಗಿಯಿತು. ಪರದೆಯ ಹೆಂಗಸಿನ ಬಾಯಿ ಇನ್ನೂ ಆಡುತ್ತಲೇ ಇತ್ತು.

"ಎಳೆದು ಹೇಳು."

ಎಳೆದಳು. "ಬನ್ನೀಈಈ ಸ್ವಾಮೀಈಈ..." ಬಾಗಿಲ ಹತ್ತಿರವಿದ್ದ ಅಮರಯ್ಯನೇ ಬೆಚ್ಚಿಬಿದ್ದ.

"ದೆವ್ವ ಕರೆದಂಗೆ ಆಯ್ತು! ನಗ್ತಾ ಹೇಳು. ಸಂತೋಷವಾಗಿ."

"ಆಕಿ ನಗಾಕತ್ತಿಲ್ಲಲ್ರಿ."

"ಅದು ನಿಂಗೆ ಬೇಡ. ಹೇಳಿದ್ದು ಹೇಳು. ಕತ್ತೆ ತಂದು ನಿಲ್ಸಿದ್ರೂ ಇಷ್ಟೊತ್ತಿಗೆ ಕಲೀತಿತ್ತು. ಅಮರಯ್ಯ, ಎಲ್ಲಿಂದ ಹಿಡ್ಕೊಂಡು ಬಂದ್ಯಪ್ಪಾ ಈ ಪ್ರಾಣೀನ?"

ಅಮರಯ್ಯ ಹಲ್ಲು ಕಿರಿದ. ಸಾಬಮ್ಮ ತಿರುಗಿ ನೋಡಲಿಲ್ಲ. ಅವಳು ಪರದೆಯ ಹೆಂಗಸನ್ನೇ ನೋಡುತ್ತಿದ್ದಳು. ಆ ಹೆಂಗಸು ತನ್ನ ಕಾಲು ತೋರಿಸಿದಳು, ಗದ್ದೆ ತೋರಿಸಿದಳು, ಬೊಗಸೆ ಒಡ್ಡಿದಳು, ಅವನ ಗಾಡಿಯ ಗಾಲಿಯ ಕಡೆ ಬೆರಳು ಚಾಚಿದಳು. ಕತ್ತಿನ ನರ ಉಬ್ಬಿತ್ತು. ಅವನು ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ.

"ಇನ್ನೊಂದ್ಸಲ ಬಿಡ್ರಿ ತಮ್ಮಾ," ಎಂದಳು ಸಾಬಮ್ಮ ರೋಹಿತನಿಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಕೆಂಪು ದೀಪ ಹತ್ತಿತು. ಪರದೆಯ ಬಾಯಿ ತೆರೆಯಿತು. ಸಾಬಮ್ಮನದೂ ತೆರೆಯಿತು.

"ಏ ಹಾಟ್ಯಾ, ಗಾಡಿ ಬಂದ್ ಮಾಡು ಮೊದಲ! ಈ ಕಾಲು ನೋಡು, ಈ ಕಾಲು! ಇದು ತುಳಿದ ಕೆಸರಿನ್ಯಾಗ ನಿನ್ನ ಅನ್ನ ಹುಟ್ಟತೈತಿ, ಹಲ್ಕಟ್ ಸೂಳೀಮಗನ! ಗದ್ದಿಗೆ ನನ್ನ ಕೈ ಬೇಕು, ಕ್ಯಾನಿಗೆ ನನ್ನ ಕೈ ಬ್ಯಾಡ? ನನ್ನ ಬೊಗಸಿ ಮೈಲಿಗಿ, ನನ್ನ ಬೆವರು ಮಡಿ ಏನಲೇ? ಹೋಗು, ನಿಮ್ಮಪ್ಪನ್ನ ಕರಕೊಂಡು ಬಾ. ಧೋತರ ಎತ್ತಿ ಕಟ್ಟಿ ಇಳೀಲಿ, ಹಿಂದಕ್ಕ ಹೋಗಿ ಒಂದು ಸಾಲು ಹಚ್ಚಲಿ. ಟೊಂಕ ಮುರೀತಂದ್ರ ನಾನ ಎಣ್ಣಿ ತಿಕ್ಕತೀನಿ! ಏನು ನೋಡತಿ? ನಿನ್ನ ಮೂಗಿನ್ಯಾಗ ಕರಿಕಿ ಬೆಳೀಲಿ! ನಿನ್ನ ಗಾಡಿಯಾಗ ಬಾತುಕೋಳಿ ತತ್ತಿ ಇಡ್ಲಿ!"

ಪರದೆಯ ಹೆಂಗಸು ಬಾಯಿ ಮುಚ್ಚಿದಳು. ಅದೇ ಗಳಿಗೆಗೆ ಸಾಬಮ್ಮನೂ ಮುಚ್ಚಿದಳು. ಮೋಟರ್ ಸೈಕಲ್ಲಿನವನು ಗಾಡಿ ತಿರುಗಿಸಿಕೊಂಡು ಹೊರಟುಹೋದ.

ರೋಹಿತ ಕೆಂಪು ದೀಪ ಆರಿಸಿದ.

"ಸರ್," ಎಂದ ರೋಹಿತ ಮೆಲ್ಲಗೆ, "ತುಟಿಗೂ ಮಾತಿಗೂ ಸಿಂಕ್ ಮಾತ್ರ ಪಕ್ಕಾ ಕೂತೈತ್ರಿ. ಒಂದು ಅಕ್ಷರ ಆಚೀಚೆ ಇಲ್ಲ."

"ಡಿಲೀಟ್ ಮಾಡೋ!" ಶ್ರೀಹರ್ಷನ ಕಿವಿ ಕೆಂಪಾಗಿತ್ತು. "ಇದನ್ನ ಟಿವಿಲಿ ಹಾಕಿದ್ರೆ ನನ್ನ ಬಾಗಿಲಿಗೆ ಬೀಗ. ಏನಮ್ಮಾ, ನಿಂಗೆ ಇಂಡೋನೇಷ್ಯಾ ಭಾಷೆ ಬರುತ್ತಾ?"

"ಇಲ್ರೀ. ನಿಮಗ ಬರತೈತೇನ್ರಿ?"

ಶ್ರೀಹರ್ಷ ಕೈಯಲ್ಲಿದ್ದ ಕಾಗದ ನೋಡಿದ.

"ಆಕಿ ಏನಂದಾಳೋ ನನಗೂ ಗೊತ್ತಿಲ್ರಿ," ಎಂದಳು ಸಾಬಮ್ಮ. "ಆದ್ರ ಸುಖವಾಗಿದ್ದೀವಿ ಅಂತ ಹೇಳಾಕ ಯಾರೂ ಅಷ್ಟೊತ್ತು ಬಾಯಿ ಮಾಡಂಗಿಲ್ಲ."

ಅಮರಯ್ಯ ಮುಂದೆ ಬಂದು ಸಾಬಮ್ಮನ ರಟ್ಟೆ ಹಿಡಿದ. "ಬರೆದದ್ದು ಹೇಳ್ತಿಯೋ ಇಲ್ಲೋ? ಇಲ್ಲಾಂದ್ರ ಈ ಸಂಜೀಕ ಮೂರೂ ಶೆಡ್ ಖಾಲಿ ಮಾಡಸ್ತೀನಿ. ಆ ಬಸುರಿ ಎಲ್ಲಿ ಹಡೀತಾಳ ನೋಡಾಣು."

ಸಾಬಮ್ಮನ ಮುಖ ಇಳಿಯಿತು. ತನ್ನೊಬ್ಬಳದೇ ಆಗಿದ್ದರೆ ಅವಳು ಆಗಲೇ ಚಪ್ಪಲಿ ಮೆಟ್ಟಿರುತ್ತಿದ್ದಳು. ದುರ್ಗಮ್ಮನ ಹೊಟ್ಟೆ ನೋಡಿದಳು. ಕೈ ಬಿಡಿಸಿಕೊಂಡು, "ನನ್ನ ಬಾಯಿಗೆ ಅದು ಹತ್ತಂಗಿಲ್ಲ. ದುರ್ಗೀ, ನೀ ಹೇಳಿಬಿಡವ್ವಾ. ಎರಡು ಮಾತು, ಒದರಿಬಿಡು," ಎಂದು ಗೋಡೆಗೆ ಒರಗಿ ಕೂತಳು.

ದುರ್ಗಮ್ಮ ಒಂದು ಕೈ ನೆಲಕ್ಕೆ ಊರಿ ಎದ್ದಳು. ಅವಳಿಗೆ ಶೆಡ್ಡು ಬೇಕಿತ್ತು. ಹೇಳಿಬಿಡಬೇಕೆಂದೇ ಎದ್ದಿದ್ದಳು. ಮೈಕಿನ ಮುಂದೆ ನಿಂತು ಕಣ್ಣು ಮುಚ್ಚಿ, ಶಾಲೆಯ ಹುಡುಗಿಯಂತೆ ಒಪ್ಪಿಸಿದಳು: "ಬನ್ನಿ ಸ್ವಾಮಿ, ನಮ್ಮ ಹಳ್ಳಿಗೆ ಬನ್ನಿ. ಈ ಮಣ್ಣು ನಮಗೆ ಎಲ್ಲವನ್ನೂ ಕೊಟ್ಟಿದೆ. ನಾವು ಸುಖ..."

ಅವಳ ಮೂಗಿನಿಂದ ಒಂದು ಸದ್ದು ಹೊರಟಿತು.

"ಪರವಾಗಿಲ್ಲ, ಮತ್ತೆ," ಎಂದ ಶ್ರೀಹರ್ಷ.

"ನಾವು ಸುಖ... ಪ್ಫ್!"

"ಮತ್ತೆ!"

"ನಾವು ಸು..." ದುರ್ಗಮ್ಮ ಹೊಟ್ಟೆ ಹಿಡಿದುಕೊಂಡು ಬಾಗಿಬಿಟ್ಟಳು. "ತಪ್ಪಾತ್ರೀ ಸಾಹೇಬ್ರ, ಖರೇನ ತಪ್ಪಾತು. ಹೇಳತೀನ್ರಿ. ನಾವು... ಅಯ್ಯಯ್ಯವ್ವಾ!"

ಅವಳ ನಗೆ ಸಾಬಮ್ಮನಿಗೆ ಅಂಟಿತು. ಸಾಬಮ್ಮ ಗೋಡೆಗೆ ತಲೆ ಬಡಿದುಕೊಂಡು ನಕ್ಕಳು. ಹಣಮವ್ವ ಹಲ್ಲಿಲ್ಲದ ಬಾಯಿ ತೆರೆದು, ಸದ್ದಿಲ್ಲದೆ, ಭುಜ ಕುಣಿಸಿ ನಕ್ಕಳು. ಗಾಜಿನ ಆಚೆ ರೋಹಿತ ಯಂತ್ರದ ಕೆಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿ, ಬಹಳ ಹೊತ್ತು ಮೇಲೇಳಲಿಲ್ಲ. ದುರ್ಗಮ್ಮ ಕಣ್ಣೊರೆಸಿಕೊಂಡು ಮತ್ತೆ ನೆಟ್ಟಗೆ ನಿಂತಳು, ಮತ್ತೆ ಬಾಯಿ ತೆರೆದಳು. ಆ ಪದ ನಾಲಿಗೆಯ ತುದಿಗೆ ಬರುತ್ತಲೇ ಹೊಟ್ಟೆಯೊಳಗಿನ ಕೂಸೂ ಸೇರಿದಂತೆ ಇಡೀ ಮೈ ಕುಲುಕಿತು.

"ಗೆಟ್ ಔಟ್!" ಶ್ರೀಹರ್ಷ ಕಾಗದ ಎಸೆದ. "ತಮಾಷೆ ಮಾಡ್ತೀರಾ? ನನ್ನ ನೋಡಿ ನಗ್ತೀರಾ? ಔಟ್!"

ಮೆಟ್ಟಿಲಿನಲ್ಲಿ ಅವರ ಹಿಂದೆ ರೋಹಿತ ಓಡಿ ಬಂದ. ಅಮರಯ್ಯ ಆಗಲೇ ಫೋನು ಕಿವಿಗಿಟ್ಟುಕೊಂಡು ಗಾಡಿ ಹತ್ತಿ ಹೋಗಿದ್ದ. "ಅಕ್ಕಾ, ಮೂಗಿನ್ಯಾಗ ಏನೋ ಬೆಳೀಲಿ ಅಂದ್ರಲ್ಲ, ಏನದು?" ಎಂದು ರೋಹಿತ ಕೇಳಿದ.

"ಕರಿಕಿ. ಹುಲ್ಲು. ಎಷ್ಟು ಕಿತ್ತರೂ ಮತ್ತ ಬರತೈತಿ. ಯಾರಿಗೆ ಬೈಬೇಕಾಗೈತಿ ನಿನಗ?"

ರೋಹಿತ ಮೇಲಿನ ಮಹಡಿಯ ಕಡೆ ಒಮ್ಮೆ ನೋಡಿ, ಸುಮ್ಮನೆ ನಕ್ಕು ಮೆಟ್ಟಿಲು ಹತ್ತಿದ.

ಮೆಹದಿಪಟ್ಟಣಂನಲ್ಲಿ ಬಸ್ಸಿಳಿದು ಶೆಡ್ಡಿನ ಹತ್ತಿರ ಹೋದಾಗ ಅವರ ಕೊಡ, ಕೌದಿ, ಒಲೆ, ದೇವರ ಪಟ ಎಲ್ಲವೂ ಹೊರಗೆ ಬಿದ್ದಿದ್ದವು. ತಗಡಿನ ಬಾಗಿಲಿಗೆ ಹೊಸ ಬೀಗ. ದುರ್ಗಮ್ಮನ ಗಂಡ ಕೆಲಸದಿಂದ ಬರುವುದು ಇನ್ನೂ ತಡವಿತ್ತು. ಮೂವರೂ ಗಂಟು ಹೊತ್ತುಕೊಂಡು ಮುಖ್ಯರಸ್ತೆಗೆ ಬಂದು, ಮೇಲ್ಸೇತುವೆಯ ಒಂದು ಕಂಬದ ಬುಡದಲ್ಲಿ ಕೂತರು. ಸುತ್ತ ಬಸ್ಸು, ಆಟೋ, ಹಾರನ್ನು.

"ನನ್ನ ನಗಿ ಹೊತ್ಕೊಂಡು ಹೋಗ್ಲಿ ಯಕ್ಕಾ," ದುರ್ಗಮ್ಮ ಮುಖ ಮುಚ್ಚಿಕೊಂಡು ಅತ್ತಳು. "ನಿಮ್ಮ ಮನಿಗೂ ಕಲ್ಲು ಹಾಕಿದ್ನಿ."

"ತಗಡು ಹೋತು ಅನ್ನು, ಮನಿ ಅನಬ್ಯಾಡ," ಎಂದಳು ಸಾಬಮ್ಮ. ಆದರೆ ಅವಳೂ ಕೌದಿಯ ಗಂಟನ್ನು ಸುಮ್ಮಸುಮ್ಮನೆ ಬಿಚ್ಚಿ ಕಟ್ಟುತ್ತಿದ್ದಳು.

ಅಷ್ಟರಲ್ಲಿ ರಸ್ತೆಯ ಆಚೆ ಬದಿಯಲ್ಲಿ ಅಮರಯ್ಯ ಕಾಣಿಸಿಕೊಂಡ. ಇವರನ್ನು ಅಲ್ಲಿಂದಲೂ ಎಬ್ಬಿಸಲು ಬಂದಿದ್ದನೋ ಏನೋ, ಕೈ ಬೀಸಿ ಬೀಸಿ ಕೂಗುತ್ತಿದ್ದ. ವಾಹನಗಳ ಗದ್ದಲದಲ್ಲಿ ಒಂದು ಮಾತೂ ಈಚೆ ಬರುತ್ತಿರಲಿಲ್ಲ. ಬರೀ ಬಾಯಿ ಆಡುತ್ತಿತ್ತು.

ಸಾಬಮ್ಮ ನೋಡಿದಳು. ಅವನ ಬಾಯಿ ತೆರೆದಾಗ ತಾನೂ ತೆರೆದಳು.

"ಎವ್ವಾ ಸಾಬಮ್ಮಾ, ನಾ ಹಡಬಿಟ್ಟಿ ಅದೀನಿ! ನನ್ನ ಬುದ್ಧಿಗೆ ಬೀಗ ಬಿದ್ದಿತ್ತು!"

ದುರ್ಗಮ್ಮ ಒದ್ದೆ ಮುಖ ಮೇಲೆತ್ತಿದಳು. ಆಚೆ ಅಮರಯ್ಯ ಎದೆ ತಟ್ಟಿಕೊಂಡು ಇನ್ನೇನೋ ಕೂಗಿದ. ಈ ಸಲ ಸಾಬಮ್ಮನಿಗಿಂತ ಮೊದಲು ಹಣಮವ್ವ, ಇಡೀ ದಿನ ತುಟಿ ಬಿಚ್ಚದವಳು, ಗಂಡು ದನಿ ತೆಗೆದಳು:

"ಆ ತಗಡಿನ ಕೆಳಗ ಒಂದು ತಾಸು ಮಲಗಿ ನೋಡಿದ್ನೆವ್ವಾ! ಬೆನ್ನು ರೊಟ್ಟಿ ಬೆಂದಂಗ ಬೆಂದೈತಿ! ನೀವು ನನ್ನ ಮನ್ಯಾಗ ಮಲಗ್ರಿ, ನಾ ಇಲ್ಲೇ ಕಂಬದ ಬುಡಕ ಬೀಳತೀನಿ!"

ಆ ಮುದಿ ಗಂಟಲಿನಿಂದ ಅಂಥ ದನಿ ಹೊರಟದ್ದಕ್ಕೆ ದಾರಿಹೋಕರು ನಿಂತು ನೋಡಿದರು. ಸಾಬಮ್ಮ ಕಂಬ ಹಿಡಿದುಕೊಂಡು ನಕ್ಕಳು. "ಮುದುಕೀ! ಇಷ್ಟು ದಿನ ಎಲ್ಲಿ ಇಟ್ಟಿದ್ದಿ ಇದನ್ನ?"

ಸಿಗ್ನಲ್ಲು ಬಿತ್ತು. ಬಸ್ಸು, ಆಟೋ ಎಲ್ಲ ಒಮ್ಮೆಗೇ ನಿಂತವು. ಅಮರಯ್ಯ ರಸ್ತೆಗೆ ಇಳಿದು ಇವರತ್ತ ನಡೆದು ಬರತೊಡಗಿದ. ಅವನ ದನಿ ಈಗ ತುಂಡು ತುಂಡಾಗಿ ಕೇಳಿಸತೊಡಗಿತ್ತು.

ಸಾಬಮ್ಮ ನಗು ನಿಲ್ಲಿಸಿ ಸೆರಗು ಬಿಗಿದಳು. ದುರ್ಗಮ್ಮ ಅವಳ ಭುಜ ಹಿಡಿದು ಮೆಲ್ಲಗೆ ಎದ್ದು, ಒಂದು ಕೈ ಸೊಂಟಕ್ಕಿಟ್ಟು ಮುಂದೆ ಬಂದು ನಿಂತಳು.

"ನೀ ಕುಂಡ್ರು ಯಕ್ಕಾ," ಎಂದಳು. "ಅವ ಹತ್ರ ಬರ್ಲಿ. ಇದು ನಾ ಹೇಳತೀನಿ."